ಬಿಸಿಲಿಗಿಟ್ಟ ಗಾಜು

ನಮ್ಮನ್ನಗಲಿದ ಫಾನ್ ಅಕ್ಕನ ತಾಯಿಯವರೇ, ಭಾವನವರೇ, ನಮ್ಮ ಗಾಜಿನ ಕಾರ್ಖಾನೆಯ ಹಿರಿಯರೇ, ಜೊತೆಗಾರರೇ — ಎಲ್ಲರಿಗೂ ನಮಸ್ಕಾರ.

ನಿನ್ನೆ ನನಗೆ ಕೆಟ್ಟ ಕನಸು ಬಿತ್ತು. ದಪ್ಪ ಗಾಜಿನ ಆಚೆ ನಿಂತು ಅಕ್ಕ ಏನೋ ಹೇಳುತ್ತಿದ್ದರು. ನೋಡುತ್ತಿದ್ದಂತೆ ಗಾಜು ಕಂದು ಬಣ್ಣಕ್ಕೆ ತಿರುಗಿತು, ಕಪ್ಪಾಯಿತು. ಬಡಿಯುವ ಕೈ ಮಾತ್ರ ಕಾಣುತ್ತಿತ್ತು — ಹೀಗೆ. ಆಮೇಲೆ ಅದೂ ಇಲ್ಲ.

ನಾನು ಆ-ಶುಯ್, ಗಾಜು ಉಜ್ಜಿ ಹೊಳಪು ಕೊಡುವವನು. ಓದು ಅರ್ಧಕ್ಕೇ ನಿಂತಿತು. ವೇದಿಕೆ ಹತ್ತಿ ಮಾತಾಡಿ ಗೊತ್ತಿಲ್ಲ. ಆದರೆ ಇವತ್ತು ಹೇಳಲೇಬೇಕು.

ಅಕ್ಕನ ಕೆಲಸ ನೆಂಟರಿಗೆ ಗೊತ್ತಿರಲಿಕ್ಕಿಲ್ಲ. ವಿಕಿರಣ ಸೂಸುವ ವಸ್ತುಗಳನ್ನು ಗೋಡೆಯಾಚೆ ಯಂತ್ರದ ಕೈಗಳಿಂದ ಎತ್ತಿಡುವವರು ನಮ್ಮ ಗಾಜಿನ ಕಿಟಕಿಯಲ್ಲೇ ನೋಡಬೇಕು. ಸಾದಾ ಗಾಜು ವಿಕಿರಣ ತಿಂದು ತಿಂದು ಕಡು ಚಹಾದಂತಾಗುತ್ತದೆ. ಅದಕ್ಕೇ ಸೀರಿಯಂ ಎಂಬ ವಿರಳ ಲೋಹ ಬೆರೆಸುತ್ತೇವೆ. ಆಗ ತಿಳಿಯಾಗಿ ಉಳಿಯುತ್ತದೆ. ಉಳಿಯಿತೋ ಇಲ್ಲವೋ ಎಂದು ತುಂಡುಗಳನ್ನು ವಿಕಿರಣಕ್ಕೊಡ್ಡಿ ಅಳೆಯುವವರು ಅಕ್ಕ.

ತುಂಡು ಹೊರಗೆ ಬಂತೋ — ತಕ್ಷಣ ಕಪ್ಪು ಚೀಲ. ನಾನು ತಡಮಾಡಿದರೆ ಬೈಗುಳ.

“ಏ ಆ-ಶುಯ್, ಮೊದ್ಲು ಮುಚ್ಚೋ! ಬೆಳಕು ಬಿದ್ರೆ ಕಂದು ಮಾಸಿ, ಗಾಜು ತಿಂದ ಏಟೆಲ್ಲ ಮರ್ತುಬಿಡುತ್ತೆ. ಅದೇನು ನೀನಾ, ಹಳೇದನ್ನೆಲ್ಲ ನೆನೆಸ್ಕೊಂಡು ನಿದ್ದೆಗೆಡೋಕೆ?”

ಈ ಬೇಸಿಗೆಯಲ್ಲಿ ಒಂದು ಕುಲುಮೆಯ ಗಾಜಿಗೆ ಸೀರಿಯಂ ಸರಿಯಾಗಿ ಬಿದ್ದಿರಲಿಲ್ಲ. ಎರಡು ತುಂಡು ವಿಕಿರಣಕ್ಕಿಟ್ಟೆವು, ಎರಡೂ ಚಹಾ ಬಣ್ಣ. “ಈ ಕಿಟಕಿಗಳು ಹೊರಡಕೂಡದು” ಎಂದರು ಅಕ್ಕ. ವ್ಯವಸ್ಥಾಪಕ ತ್ಸೆಂಗ್ ಸಾರ್ — ಮುಂದಿನ ಸಾಲಿನಲ್ಲೇ ಇದ್ದೀರಿ, ಏಳಬೇಡಿ, ಕೂತೇ ಕೇಳಿ — ಒಂದು ತುಂಡನ್ನು ಒಯ್ದು ತಮ್ಮ ಕೋಣೆಯ ಬಿಸಿಲಿಗಿಟ್ಟರು. ಚಳಿಗಾಳಿ ಶುರುವಾಗುವ ಹೊತ್ತಿಗೆ, ಬಣ್ಣ ಮಾಸಿ ತಿಳಿಯಾಗಿದ್ದ ಅದನ್ನು ಎಲ್ಲರೆದುರು ಎತ್ತಿ ಹಿಡಿದರು.

“ಎಲ್ರೀ ಇದೆ ನಿಮ್ಮ ಚಹಾ? ಕನ್ನಡಕ ಬದಲಾಯಿಸ್ಕೊಳ್ಳಿ ಫಾನ್!”

“ಆ ಗೋಡೆ ಹಿಂದಕ್ಕೆ ದಿನಾ ಬಿಸಿಲು ಹೊತ್ಕೊಂಡು ಹೋಗೋರು ಯಾರು ಸಾರ್? ನೀವಾ?”

ಕೆಲವರು ನಕ್ಕರು. ತ್ಸೆಂಗ್ ಸಾರ್ ನಗಲಿಲ್ಲ. ಮರುದಿನ ಅಕ್ಕನನ್ನು ಪೆಟ್ಟಿಗೆ ಕಟ್ಟುವ ಕಡೆಗೆ ದಬ್ಬಿದರು. ಅವರ ಅಳತೆಯೇ ತಪ್ಪು ಎಂದು ಸಾರಿದರು. ಗೊತ್ತಿಲ್ಲದೆ ಮಾಡಿದರೇ? ಗಾಜಿನ ಶಾಸ್ತ್ರ ಓದಿ ಬಂದವರು! ಅಕ್ಕ ಹೋದದ್ದು ಮೆದುಳಿನ ರಕ್ತಸ್ರಾವದಿಂದ. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ತಪ್ಪುಗಾತಿ ಎಂಬ ಹೆಸರು ಹೊತ್ತು ಹೋದರು. ಹೊರಿಸಿದವರು ಇಲ್ಲೇ ಕೂತಿದ್ದಾರೆ.

ಈಗ ನೋಡಿ — ಬಿಸಿಲಿಗಿಟ್ಟ ಅದೇ ತುಂಡು! ಅಕ್ಕನ ಫೋಟೋದ ಮುಂದೆ, ಬಿಳಿ ಸೇವಂತಿಗೆಯ ನಡುವೆ! ‘ಆಕೆಯ ಶ್ರಮದ ನೆನಪಿಗೆ’ ಎಂದು ತ್ಸೆಂಗ್ ಸಾರ್ ಇಟ್ಟರಂತೆ. ಭಾವ, ಅದನ್ನು ಅಲ್ಲಿಂದ ತೆಗೆಯಿರಿ. ಹೂವಿಗೆ ಅವಮಾನ.

ಎರಡನೆಯ ತುಂಡು ಇಲ್ಲಿದೆ, ನನ್ನ ಕೈಯಲ್ಲಿ. ಅಕ್ಕ ಮುಚ್ಚಿದ ಕಪ್ಪು ಚೀಲದಲ್ಲೇ ಇದೆ. ಬಿಚ್ಚಿ ತೋರಿಸು ಎನ್ನಬೇಡಿ. ಈ ಬೆಳಕಿನಲ್ಲಿ ಬಿಚ್ಚಿದರೆ ತ್ಸೆಂಗ್ ಸಾರ್‌ಗೂ ನನಗೂ ಏನು ವ್ಯತ್ಯಾಸ?

ಕಿಟಕಿಗಳು ನಾಳೆ ಲಾರಿ ಹತ್ತುತ್ತವೆ. ಆ ಗಾಜಿನ ಮುಂದೆ ನಿಲ್ಲುವವರು ಯಾರ ಮಕ್ಕಳೋ — ನನಗೆ ನಿದ್ದೆ ಬರುವುದಿಲ್ಲ.

ದಯವಿಟ್ಟು ಎಲ್ಲರೂ ಏಳಿ. ಅಕ್ಕನಿಗಾಗಿ ಒಂದು ನಿಮಿಷ ಮಾತಿಲ್ಲದೆ ನಿಲ್ಲೋಣ. ಮೌನ ಮುಗಿದ ಮೇಲೆ ಮನೆಗೆ ಹೋಗಬೇಡಿ — ಅಳತೆ ಕೋಣೆಗೆ ಬನ್ನಿ. ದೀಪ ಆರಿಸಿ, ಈ ತುಂಡನ್ನು ಇನ್ನೊಂದು ಸಲ ಅಳೆಯಿರಿ.