ಎಂಟನ್ನು ಮೂರೆಂದು ಓದಿದವನು

ವೇದಿಕೆಯ ನಡುವೆ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಮಾನ್ಯ ಅಧ್ಯಕ್ಷರೇ, ತಮ್ಮ ಕಾರನ್ನು ಹೊರಗೆ ನಿಲ್ಲಿಸಿ ಒಳಗೆ ಇನ್ನೂರು ಮೆಕ್ಯಾನಿಕ್‌ಗಳ ನಡುವೆ ಧೈರ್ಯವಾಗಿ ಕುಳಿತಿರುವ ಮುಖ್ಯ ಅತಿಥಿಗಳೇ, ಗ್ಯಾರೇಜ್ ಕೆಲಸಗಾರರ ಸಂಘದ ಪದಾಧಿಕಾರಿಗಳೇ, ಮತ್ತು ನನ್ನ ಪ್ರೀತಿಯ ಸಭಿಕರೇ,

ಇವತ್ತು ನನಗೆ ಸನ್ಮಾನ ಮಾಡಿದ್ದೀರಿ. ನಲವತ್ತೊಂದು ವರ್ಷ ಕಾರಿನ ಕೆಳಗೆ ಮಲಗಿದ್ದವನನ್ನು ಎಬ್ಬಿಸಿ ವೇದಿಕೆಯ ಮೇಲೆ ಕೂರಿಸಿದ್ದೀರಿ. ಅಭ್ಯಾಸವಿಲ್ಲ. ಯಾರಾದರೂ ಕಾಲು ಹಿಡಿದು ಮತ್ತೆ ಕೆಳಗೆ ಎಳೆಯುತ್ತಾರೇನೋ ಎಂದು ಕಾಯುತ್ತಿದ್ದೇನೆ. ಐದು ನಿಮಿಷ ಮಾತಾಡಿ ಎಂದಿದ್ದಾರೆ ಕಾರ್ಯದರ್ಶಿಗಳು. ಸಂಜೆಯೊಳಗೆ ಗಾಡಿ ಕೊಡುತ್ತೇನೆ ಎಂದು ನಾನು ಹೇಳುತ್ತಿದ್ದೆನಲ್ಲ, ಐದು ನಿಮಿಷವನ್ನೂ ಹಾಗೆಯೇ ತಿಳಿದುಕೊಳ್ಳಿ.

ನನ್ನನ್ನು ನೀವೆಲ್ಲ ಕಿವಿ ಮೇಷ್ಟ್ರು ಎಂದು ಕರೆಯುತ್ತೀರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ, ಯಾವ ಸಿಲಿಂಡರು ಅಳುತ್ತಿದೆ ಎಂದು ಹೇಳುತ್ತಿದ್ದವನು ನಾನು. ಹೆಮ್ಮೆಯ ವಿಷಯವೇ. ಆದರೆ ಹೆಮ್ಮೆ ಎನ್ನುವುದಿದೆಯಲ್ಲ ಸಭಿಕರೇ, ಅದು ಟರ್ಬೊ ಇದ್ದ ಹಾಗೆ. ಇರುವ ಎಂಜಿನ್ನಿಗೆ ಬಲ ಕೊಡುತ್ತದೆ, ನಿಜ. ಎಂಜಿನ್ನಿನಲ್ಲಿ ಬಿರುಕಿದ್ದರೆ ಅದನ್ನೂ ಬೇಗ ಅಗಲ ಮಾಡುತ್ತದೆ.

ನನ್ನ ಬಿರುಕಿನ ಕಥೆ ಹೇಳುತ್ತೇನೆ. ಎಂಟು ವರ್ಷ ಹಿಂದಿನದು.

ಆಗ ನನ್ನ ಮಗಳು ನನ್ನ ಗ್ಯಾರೇಜಿನಲ್ಲೇ ಕೆಲಸ ಮಾಡುತ್ತಿದ್ದಳು. ಎಲೆಕ್ಟ್ರಾನಿಕ್ಸ್ ಓದಿದವಳು. ಬಿಡಿಭಾಗ ಇಡುತ್ತಿದ್ದ ಮೂಲೆ ಕೋಣೆಯನ್ನು ತೊಳೆದು, ಒಂದು ಮೇಜು ಹಾಕಿ, ಅದರ ಮೇಲೆ ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಸ್ಕ್ಯಾನರ್ ಇಟ್ಟುಕೊಂಡಿದ್ದಳು. ನಾನು ಅದನ್ನು ‘ಡಬ್ಬಿ’ ಎನ್ನುತ್ತಿದ್ದೆ. ‘ನಿನ್ನ ಡಬ್ಬಿ ಏನನ್ನುತ್ತೆ?’ ಎಂದು ಕೇಳುವುದು, ಅದು ಹೇಳಿದ್ದನ್ನು ‘ಅದು ನನಗೆ ಮೊದಲೇ ಗೊತ್ತಿತ್ತು’ ಎನ್ನುವುದು. ಹೀಗೆ ನಡೆಯುತ್ತಿತ್ತು ನಮ್ಮ ಸಂಸಾರ.

ನಮಗೊಬ್ಬರು ಹಲ್ಲಿನ ಡಾಕ್ಟರಮ್ಮ ಗಿರಾಕಿ ಇದ್ದರು. ವಾರವೆಲ್ಲ ಹಲ್ಲು ಕೀಳುವುದು, ರಜೆ ಬಂದರೆ ಬೆಟ್ಟ ಹತ್ತುವ ರೇಸಿನಲ್ಲಿ ಕಾರು ಓಡಿಸುವುದು. ಆರು ಸಿಲಿಂಡರಿನ ಟರ್ಬೊ ಕಾರು. ನಿಂತಿದ್ದರೂ ಓಡುತ್ತಿರುವ ಹಾಗೆ ಕಾಣುತ್ತಿತ್ತು. ನಾಲ್ಕು ವರ್ಷ ಪ್ರಯತ್ನ ಮಾಡಿ ಆ ವರ್ಷ ಅವರಿಗೆ ಅಂತಿಮ ಸುತ್ತಿನಲ್ಲಿ ಜಾಗ ಸಿಕ್ಕಿತ್ತು. ರೇಸಿಗೆ ಹತ್ತು ದಿನ ಇರುವಾಗ ಇಂಜೆಕ್ಟರುಗಳು ಸೋರತೊಡಗಿದವು. ಆರನ್ನೂ ಬದಲಿಸಬೇಕು.

ನಿಮ್ಮ ಮನೆಯವರೂ ಬಂದಿದ್ದಾರೆ, ಅವರಿಗಾಗಿ ಒಂದು ಮಾತು. ಇಂಜೆಕ್ಟರ್ ಎಂದರೆ ಎಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ಪಿಚಕಾರಿ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಹುಟ್ಟಿದರೂ ಎರಡು ಇಂಜೆಕ್ಟರುಗಳು ಒಂದೇ ಅಳತೆಯಲ್ಲಿ ಚಿಮ್ಮಿಸುವುದಿಲ್ಲ. ಒಂದು ಕೂದಲೆಳೆ ಹೆಚ್ಚು, ಇನ್ನೊಂದು ಕೂದಲೆಳೆ ಕಡಿಮೆ. ಅದಕ್ಕೇ ಕಾರ್ಖಾನೆಯವರು ಪ್ರತಿಯೊಂದನ್ನೂ ಅಳೆದು ಅದರ ನೆತ್ತಿಯ ಮೇಲೆ ಇರುವೆ ಗಾತ್ರದ ಅಂಕಿ ಕೆತ್ತಿರುತ್ತಾರೆ. ಯಾವ ಸಿಲಿಂಡರಿಗೆ ಯಾವ ಅಂಕಿಯದು ಹೋಯಿತು ಎಂದು ಕಾರಿನ ಕಂಪ್ಯೂಟರಿಗೆ ಹೇಳಬೇಕು. ಆಗ ಅದು ಪ್ರತಿಯೊಂದರ ಗುಣ ತಿಳಿದು ನಡೆಸಿಕೊಳ್ಳುತ್ತದೆ. ಅದೇ ಕೋಡಿಂಗ್. ಮನೆಯಲ್ಲಿ ಆರು ಮಕ್ಕಳಿದ್ದರೆ ತಾಯಿ ಮಾಡುವುದೂ ಅದನ್ನೇ. ತಂದೆ ಮಾತ್ರ ಎಲ್ಲರಿಗೂ ಒಂದೇ ದನಿಯಲ್ಲಿ ಕೂಗುತ್ತಾನೆ.

ಹೊಸ ಇಂಜೆಕ್ಟರುಗಳು ಬಂದವು. ‘ಅಪ್ಪಾ, ಕೂರಿಸೋ ಮೊದಲು ಕೊಡು, ನಂಬರ್ ಬರ್ಕೋತೀನಿ’ ಎಂದಳು ಮಗಳು.

‘ಯಾಕೆ, ನನಗೆ ಓದೋಕೆ ಬರಲ್ವಾ?’ ಎಂದೆ.

ಓದಲು ಬರುತ್ತಿತ್ತು ಸ್ವಾಮಿ. ಕಾಣುತ್ತಿರಲಿಲ್ಲ, ಅಷ್ಟೆ. ಎರಡು ವರ್ಷದಿಂದ ಕಣ್ಣು ಕೈಕೊಟ್ಟಿತ್ತು. ಮನೆಯಲ್ಲಿ ಡಬ್ಬದ ಚೀಟಿ ಓದಲಾರದೆ ಚಹಾಕ್ಕೆ ಎರಡು ಸಲ ಉಪ್ಪು ಹಾಕಿ, ‘ಹೀಗೂ ಒಂದು ರುಚಿ’ ಎಂದು ಪೂರ್ತಿ ಕುಡಿದವನು ನಾನು. ಹೆಂಡತಿ ಕನ್ನಡಕ ತಂದು ಅಂಗಿಯ ಜೇಬಿಗೆ ಹಾಕಿದರೆ ಗ್ಯಾರೇಜಿಗೆ ಬಂದ ಕೂಡಲೇ ತೆಗೆದು ಮೇಜಿನ ಖಾನೆಗೆ ಹಾಕುತ್ತಿದ್ದೆ. ಮೇಷ್ಟ್ರಿಗೆ ವಯಸ್ಸಾಯಿತು ಎಂದು ಯಾರಾದರೂ ಅಂದುಬಿಟ್ಟರೆ?

ಆರು ಇಂಜೆಕ್ಟರಿನ ಅಂಕಿಗಳನ್ನೂ ಒಂದು ರಟ್ಟಿನ ತುಂಡಿನ ಮೇಲೆ ಬರೆದೆ. ಓದಿದ್ದು ಎಷ್ಟು, ಊಹಿಸಿದ್ದು ಎಷ್ಟು, ಆ ದೇವರೇ ಬಲ್ಲ. ಆಮೇಲೆ ಕೂರಿಸಿದೆ. ಆ ಕೆಲಸದಲ್ಲಿ ಇವತ್ತಿಗೂ ಯಾರೂ ಹುಳುಕು ಹುಡುಕಲಾರರು! ಇಂಜೆಕ್ಟರ್ ಕೂರುವ ಗುಂಡಿಯ ಮಸಿ ಕೆರೆದು, ತುದಿಯ ಸೀಲನ್ನು ಉಗುರು ತಾಗದ ಹಾಗೆ ಏರಿಸಿ, ಅಳತೆಯ ಕೊಳವೆಯಲ್ಲಿ ಅದುಮಿ ಅದನ್ನು ಬಿಗಿಮಾಡಿ, ಕೂಸನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಇಳಿಸಿದೆ. ಮೇಲೆ ಪೈಪು ಬಿಗಿದೆ. ಬಿಗಿದ ಮೇಲೆ ನೆತ್ತಿಯ ಅಂಕಿ ಯಾರಿಗೂ ಕಾಣುವುದಿಲ್ಲ. ನನಗೂ ಅದೇ ಬೇಕಿತ್ತೇನೋ.

ಮಗಳು ರಟ್ಟು ನೋಡಿ ಅಂಕಿಗಳನ್ನು ಒತ್ತಿದಳು. ಎಂಜಿನ್ ಶುರುವಾಯಿತು. ಆದರೆ ಒಂದು ನಡುಕ. ಜ್ವರ ಬಂದವನಿಗೆ ಹಲ್ಲು ಕಟಕಟ ಅನ್ನುತ್ತದಲ್ಲ, ಆ ಥರ.

‘ಅಪ್ಪಾ, ಎರಡನೇದು, ಐದನೇದು ಸರಿ ಇಲ್ಲ. ಈ ಮೂರು, ಮೂರೇನಾ? ಎಂಟು ಅಲ್ವಾ? ಬಿಚ್ಚಿ ನೋಡೋಣ.’

‘ಬಿಚ್ಚಿದ್ರೆ ಸೀಲೆಲ್ಲ ಹೊಸದು ಹಾಕ್ಬೇಕು. ನಾನು ಬರ್ದಿದ್ದು ಸರಿ ಇದೆ. ನೀನು ಒತ್ತಿದ್ದನ್ನ ನೋಡ್ಕೋ.’

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ‘ಏನು ಮೇಷ್ಟ್ರೇ, ನಡುಗ್ತಾ ಇದೆ?’ ಎಂದರು. ನಾನು ನಗುತ್ತಾ ಹೇಳಿದೆ: ‘ಎಂಜಿನ್ ಕೆಲಸ ನಂದು, ಅದು ಪಕ್ಕಾ. ಟೈಪಿಂಗ್ ಮಾತ್ರ ಮಗಳದು. ಹೊಸ ಇಂಜೆಕ್ಟರು, ಎರಡು ದಿನ ಓಡಿಸಿದ್ರೆ ಹೊಂದ್ಕೊಳ್ಳುತ್ತೆ, ನನ್ನ ಕಿವಿ ಹೇಳ್ತಿದೆ.’

ಮಗಳು, ‘ಅಪ್ಪಾ, ಹೀಗೆ ಕೊಡಬೇಡ’ ಎಂದಳು. ನಾನು ಬಾನೆಟ್ ಮುಚ್ಚಿದೆ.

ರೇಸಿನ ಬೆಳಗ್ಗೆ ನಾನೂ ಬೆಟ್ಟದ ತಿರುವಿನಲ್ಲಿ ನಿಂತಿದ್ದೆ, ಹೊಸ ಅಂಗಿ ಹಾಕಿಕೊಂಡು. ಕಾರು ಮೊದಲ ತಿರುವು ದಾಟಿತು, ಎರಡನೆಯದು ದಾಟಿತು. ಮೂರನೆಯದರಲ್ಲಿ ಕೆಮ್ಮಿತು. ಕಂಪ್ಯೂಟರು ತನ್ನ ಎಂಜಿನ್ ಉಳಿಸಿಕೊಳ್ಳಲು ಬಲವನ್ನೆಲ್ಲ ಕಡಿದುಹಾಕಿತು. ಕಾರು ತೆವಳಿ, ತಿರುವಿನ ಮರೆಯಲ್ಲೇ ನಿಂತುಬಿಟ್ಟಿತು. ಹಿಂದೆ ಬರಬೇಕಿದ್ದ ಕಾರು ಕೆಳಗಿನಿಂದ ಆಗಲೇ ಹೊರಟಿತ್ತು. ಬಾವುಟದವನು ಓಡಿ, ಬೀಸಿ, ಕೂಗಿದ. ಆ ಕಾರು ಡಾಕ್ಟರಮ್ಮನ ಕಾರಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿತು. ಹತ್ತು ಹೆಜ್ಜೆ. ಆಮೇಲೆ ನಾನೇ ನಡೆದು ಎಣಿಸಿದೆ. ಎರಡು ಸಲ ಎಣಿಸಿದೆ.

ಇಷ್ಟಾದ ಮೇಲಾದರೂ ಮನುಷ್ಯ ಏನು ಮಾಡಬೇಕು? ತಪ್ಪು ಒಪ್ಪಿಕೊಳ್ಳಬೇಕು. ನಾನೇನು ಮಾಡಿದೆ? ಗ್ಯಾರೇಜಿಗೆ ಬಂದು, ಡಾಕ್ಟರಮ್ಮನ ಮುಂದೆ, ಕೆಲಸದವರೆಲ್ಲರ ಮುಂದೆ, ‘ಒಂದು ಅಂಕಿ ನೆಟ್ಟಗೆ ಒತ್ತೋಕೆ ಬರಲ್ವಾ ನಿನಗೆ? ಒಂದು ಜೀವ ಹೋಗ್ತಿತ್ತು!’ ಎಂದು ಮಗಳ ಮೇಲೆ ಕೂಗಾಡಿದೆ. ಅವಳು ಆ ರಟ್ಟು ತೆಗೆದು ನನ್ನ ಮುಖಕ್ಕೆ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಮರುದಿನ ಮೂಲೆ ಕೋಣೆಯ ಬೀಗದ ಕೈ ನನ್ನ ಮೇಜಿನ ಮೇಲಿತ್ತು. ಅವಳು ಬೇರೆ ಗ್ಯಾರೇಜಿಗೆ ಕೆಲಸಕ್ಕೆ ಸೇರಿದಳು.

ಒಂದೇ ಮನೆ, ಒಂದೇ ಊಟದ ಮೇಜು. ‘ಅಪ್ಪಾ, ಅನ್ನ ಹಾಕ್ಲಾ?’ ಎನ್ನುತ್ತಾಳೆ. ಕಾರಿನ ಮಾತು ಮಾತ್ರ ಇಲ್ಲ. ನಾನು ಏನು ಮಾಡಿದೆ ಗೊತ್ತಾ? ಮೂಲೆಯ ಚಹಾ ಅಂಗಡಿಯಲ್ಲಿ, ಇಲ್ಲಿ ಕೂತಿರುವ ನಿಮ್ಮಲ್ಲಿ ಅರ್ಧ ಜನರ ಮುಂದೆ, ಅವಳು ಕೇಳಿದ್ದ ಎಂಟನ್ನೇ ತಿರುಗಿಸಿ ಆ ಕಥೆಯನ್ನು ನಗೆಚಾಟಿಕೆ ಮಾಡಿ ಹೇಳಿದೆ. ‘ಅಪ್ಪ ಎಂಟು ಅಂದ್ರೆ ಮಗಳು ಮೂರು ಒತ್ತಿದ್ಲು!’ ನೀವೂ ನಕ್ಕಿರಿ. ನಿಮ್ಮ ತಪ್ಪಿಲ್ಲ. ನಾನು ಚೆನ್ನಾಗಿ ಹೇಳುತ್ತಿದ್ದೆ.

ಹದಿನೈದು ದಿನ ಕಳೆಯಿತು. ಆ ಕಾರು ಗ್ಯಾರೇಜಿನಲ್ಲೇ ಇತ್ತು. ಒಂದು ರಜಾದಿನ, ಯಾರೂ ಇಲ್ಲದಾಗ, ಇಂಜೆಕ್ಟರುಗಳನ್ನು ಬಿಚ್ಚಿದೆ. ಮಧ್ಯಾಹ್ನ ಊಟ ತಂದ ಹೆಂಡತಿ ನನ್ನನ್ನು ನೋಡಿದಳು. ಇಂಜೆಕ್ಟರನ್ನು ಕಣ್ಣಿನ ಹತ್ತಿರ ತರುವುದು, ದೂರ ಹಿಡಿಯುವುದು, ಕಿಟಕಿಗೆ ತಿರುಗಿಸುವುದು ಮಾಡುತ್ತಿದ್ದೆ. ಬುತ್ತಿ ಕೆಳಗಿಟ್ಟು ತನ್ನ ಕನ್ನಡಕ ಹಾಕಿಕೊಂಡು, ಕೈಯಿಂದ ಕಿತ್ತುಕೊಂಡು ಓದಿದಳು.

‘ಇದು ಎಂಟು ರೀ.’

ರಟ್ಟು ತೆಗೆದು ನೋಡಿದೆ. ಎರಡನೆಯದರ ಎದುರು, ನನ್ನ ದುಂಡು ಅಕ್ಷರದಲ್ಲಿ, ಮೂರು. ಐದನೆಯದರಲ್ಲಿ ಆರು ಇದ್ದದ್ದು ನನ್ನ ರಟ್ಟಿನಲ್ಲಿ ಸೊನ್ನೆ.

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಅಷ್ಟರಮಟ್ಟಿಗೆ ಕೆಟ್ಟಿತ್ತು ನನ್ನ ಸ್ಥಿತಿ. ‘ಸಂಜೆ ಮನೆಯಲ್ಲಿ ಮಗಳಿಗೆ ಹೇಳ್ತೀನಿ’ ಎಂದೆ. ಅವಳು ಹೇಳಿದಳು: ‘ಮನೇಲಿ ಹೇಳಿದ್ರೆ ಮಗಳಾಗಿ ಕ್ಷಮಿಸಿಬಿಡ್ತಾಳೆ. ನಿಮಗದು ಸುಲಭ. ನೀವು ಬೈದಿದ್ದು ಮಗಳನ್ನಲ್ಲ, ಕೆಲಸಗಾರ್ತೀನ. ಅವಳು ಕೆಲಸ ಮಾಡೋ ಜಾಗಕ್ಕೆ ಹೋಗಿ ಹೇಳಿ.’

ಹೋದೆ. ಹೊಸ ಸೀಲು ಹಾಕಿ, ಆರನ್ನೂ ಮತ್ತೆ ಕೂರಿಸಿ, ನಡುಗುವ ಕಾರಿನಲ್ಲಿ ನಾನೂ ನಡುಗುತ್ತಾ ಹೋದೆ. ಅಲ್ಲಿ ಚೀಟಿ ತೆಗೆದುಕೊಂಡು ಕಾಯಬೇಕು. ನನ್ನದು ಹದಿನಾಲ್ಕನೆಯದು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಗಿರಾಕಿಗಳ ನಡುವೆ ಕೂತು ತಿಳಿಯಿತು, ಮೂವತ್ತಮೂರು ವರ್ಷ ನಾನು ಜನರನ್ನು ಎಂಥ ಕುರ್ಚಿಯಲ್ಲಿ ಕಾಯಿಸಿದ್ದೆ ಎಂದು.

ನನ್ನ ಸರದಿ ಬಂತು. ಎದುರಿಗೆ ಮಗಳು, ಕೈಯಲ್ಲಿ ಗಾಡಿಯ ದೂರು ಬರೆದುಕೊಳ್ಳುವ ಜಾಬ್ ಕಾರ್ಡು, ಪೆನ್ನು. ‘ಹೇಳಿ, ನಿಮ್ಮ ಗಾಡಿಗೆ ಏನು ತೊಂದರೆ?’ ಎಂದಳು.

ಹೇಳಿ. ನಿಮ್ಮ. ಮಾತು ಕಲಿತಾಗಿನಿಂದ ನನ್ನನ್ನು ‘ನೀನು’ ಎಂದವಳು. ಗೌರವ ಇಷ್ಟು ನೋಯಿಸುತ್ತದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

‘ಗಾಡಿಗೇನೂ ತೊಂದರೆ ಇಲ್ಲ. ಮೆಕ್ಯಾನಿಕ್‌ಗೆ ಕಣ್ಣು ಕಾಣಲ್ಲ’ ಎಂದೆ. ‘ಎಂಟನ್ನ ಮೂರು ಅಂತ ಬರ್ದಿದ್ದು ನಾನು. ನೀನು ನಾನು ಬರೆದಿದ್ದನ್ನೇ ಸರಿಯಾಗಿ ಒತ್ತಿದ್ದೆ.’

ಅವಳು ತಲೆ ಎತ್ತಲಿಲ್ಲ. ಕಾರ್ಡಿನಲ್ಲಿ ಬರೆದಳು: ‘ಕಾರಣ: ಅಂಕಿ ತಪ್ಪಾಗಿ ಓದಿದ್ದು. ಓದಿದವರು: ಮೆಕ್ಯಾನಿಕ್.’ ನನ್ನ ಕಡೆ ತಿರುಗಿಸಿ, ‘ಇಲ್ಲಿ ಸಹಿ ಹಾಕಿ’ ಎಂದಳು. ಹಾಕಿದೆ. ಆಮೇಲೆ ಹೊಸ ಅಂಕಿಗಳ ಕಾಗದ ಕೊಟ್ಟೆ.

‘ಇದನ್ನ ಯಾರು ಓದಿದ್ದು?’

‘ನಿಮ್ಮಮ್ಮ.’

‘ಹಾಗಾದ್ರೆ ಸರಿ ಇರುತ್ತೆ.’

ಒಂದೊಂದೇ ಅಂಕಿ ಒತ್ತಿದಳು. ಪ್ರತಿ ಸಲ ಗಟ್ಟಿಯಾಗಿ ಓದಿ ಹೇಳಿದಳು. ನಾನು ಮೇಜಿನ ಖಾನೆಯಿಂದ ತಂದಿದ್ದ ಕನ್ನಡಕ ಹಾಕಿಕೊಂಡು, ಕಾಗದ ನೋಡಿ ‘ಹೌದು, ಹೌದು’ ಎಂದೆ. ಕೀ ತಿರುಗಿಸಿದಳು. ಎಂಜಿನ್ ಒಂದು ಉಸಿರು ತೆಗೆದುಕೊಂಡು ಸಮವಾಯಿತು. ಆ ಸಮ ಎಷ್ಟು ನುಣುಪಾಗಿತ್ತೆಂದರೆ ಎಂಜಿನ್ನಿನ ಮೇಲೆ ನಾಣ್ಯ ನಿಲ್ಲಿಸಿದ್ದರೂ ಬೀಳುತ್ತಿರಲಿಲ್ಲ. ಆಗ ಅವಳು ಹೇಳಿದಳು, ‘ನೀನೂ ಕೇಳಿ ನೋಡು ಅಪ್ಪಾ. ಡಬ್ಬಿ ಸರಿ ಅನ್ನುತ್ತೆ. ನಿನ್ನ ಕಿವಿ ಏನನ್ನುತ್ತೆ?’

ನನಗೇನೂ ಕೇಳಿಸಲಿಲ್ಲ ಸಭಿಕರೇ. ಮೂಗು ಒರೆಸಿಕೊಳ್ಳುವ ಸದ್ದು ಜಾಸ್ತಿಯಾಗಿತ್ತು.

ಡಾಕ್ಟರಮ್ಮನಿಗೂ ಹೋಗಿ ಹೇಳಿದೆ. ಅವರು, ‘ತಪ್ಪು ಹಲ್ಲು ಕಿತ್ತು ನರ್ಸ್ ಮೇಲೆ ಹಾಕೋ ಡಾಕ್ಟರ್ ಹತ್ರ ನೀವು ಹೋಗ್ತೀರಾ?’ ಎಂದರು. ಅವರು ಈಗ ಕಾರು ಬಿಡುವುದು ನನ್ನ ಮಗಳ ಹತ್ತಿರ. ಅವಳೀಗ ತನ್ನದೇ ಗ್ಯಾರೇಜು ಇಟ್ಟುಕೊಂಡಿದ್ದಾಳೆ. ವಾರಕ್ಕೆ ಮೂರು ದಿನ ನಾನೂ ಅಲ್ಲಿಗೆ ಹೋಗುತ್ತೇನೆ, ಕೆಲಸಕ್ಕೆ. ತಡವಾಗಿ ಹೋದರೆ ಬೈಸಿಕೊಳ್ಳುತ್ತೇನೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಚಪ್ಪಾಳೆ ತಡೆಯಿರಿ, ಮುಗಿದಿಲ್ಲ.

ಡಾಕ್ಟರಮ್ಮನಿಗೆ ಹೇಳಿದೆ, ಮಗಳಿಗೆ ಹೇಳಿದೆ. ಚಹಾ ಅಂಗಡಿಗೆ ಹೇಳಲಿಲ್ಲ. ನಮ್ಮ ಸಂಘದಲ್ಲಿ ಇಂಜೆಕ್ಟರ್ ಪರೀಕ್ಷೆ ಮಾಡುವ ದೊಡ್ಡ ಯಂತ್ರವಿದೆ, ಸದಸ್ಯರಿಗೆ ಮಾತ್ರ. ಅದಕ್ಕಾಗಿ ನನ್ನ ಮಗಳು ಸದಸ್ಯತ್ವಕ್ಕೆ ಮೂರು ಸಲ ಅರ್ಜಿ ಹಾಕಿದಳು. ಮೂರು ಸಲವೂ ಅರ್ಜಿ ಬದಿಗೆ ಹೋಯಿತು. ಎರಡನೆಯ ಸಲ ಸಂಘದ ಸಮಿತಿಯ ಸಭೆಯಲ್ಲಿ ಒಬ್ಬರು, ಯಾರೆಂದು ಹೇಳುವುದಿಲ್ಲ, ಅವರು ಈಗ ನೆಲ ನೋಡುತ್ತಿದ್ದಾರೆ, ‘ಎಂಟಕ್ಕೂ ಮೂರಕ್ಕೂ ವ್ಯತ್ಯಾಸ ಗೊತ್ತಿಲ್ಲದವರಿಗೆ ಸದಸ್ಯತ್ವನಾ?’ ಎಂದರು. ಎಲ್ಲರೂ ನಕ್ಕರು.

ಆ ಸಮಿತಿಯಲ್ಲಿ ನಾನೂ ಇದ್ದೆ. ನಾನೂ ನಕ್ಕೆ.

ಇದನ್ನು ಇವತ್ತು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು. ಬಂದ ಮೇಲೆ ಅರ್ಧಕ್ಕೆ ನಿಲ್ಲಿಸಲಾಗದು. ಆದ್ದರಿಂದ ಮಾನ್ಯ ಅಧ್ಯಕ್ಷರೇ, ಸಂಘದ ಸದಸ್ಯನಾಗಿ ಈ ವಾರ್ಷಿಕ ಸಭೆಯ ಮುಂದೆ ಒಂದು ಪ್ರಸ್ತಾಪ ಇಡುತ್ತೇನೆ. ಆ ತಂತ್ರಜ್ಞೆಗೆ ಸದಸ್ಯತ್ವ ಕೊಡಬೇಕು. ಒಪ್ಪುವವರು ಕೈ ಎತ್ತಿ. ನನ್ನದು ಇಲ್ಲಿದೆ.

ಕಾರ್ಯದರ್ಶಿಗಳೇ, ಗಡಿಯಾರ ಬಿಡಿ, ಕೈ ಎಣಿಸಿ. ಹಾಂ, ಎಡಗಡೆ ಬಣ್ಣ ಹೊಡೆಯುವವರ ಸಾಲು ಪೂರ್ತಿ. ಟಯರಿನವರು. ನೆಲ ನೋಡುತ್ತಿದ್ದವರೂ ಎತ್ತಿದರು, ದೊಡ್ಡ ಮನಸ್ಸು. ಸಾಕು, ಸಾಕು, ಇಳಿಸಿ. ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳಿ. ಬರೆದದ್ದನ್ನು ಗಟ್ಟಿಯಾಗಿ ಓದಿ.

ಇದು ಅವಳಿಗೆ ಗೊತ್ತಿಲ್ಲ. ಗ್ಯಾರೇಜಿನ ಲಿಫ್ಟಿನ ಮೇಲೆ ಎತ್ತಿಟ್ಟ ಗಾಡಿ ಇದೆ ಎಂದು ಇವತ್ತು ಬರಲಿಲ್ಲ. ಗೊತ್ತಾದರೆ, ‘ನನ್ನನ್ನ ಕೇಳದೆ ಯಾಕೆ ಮಾಡಿದೆ?’ ಎನ್ನುತ್ತಾಳೆ. ಎಂಟು ವರ್ಷ ತಡವಾಗಿ ಬಂದದ್ದನ್ನು ತೆಗೆದುಕೊಳ್ಳುವುದೂ ಬಿಡುವುದೂ ಅವಳಿಗೆ ಸೇರಿದ್ದು. ಬೇಡವೆಂದರೆ ನೀವ್ಯಾರೂ ಬೇಸರಿಸಬಾರದು. ಕೊಡಬೇಕಾದದ್ದನ್ನು ಕೊಡುವುದಷ್ಟೇ ನಮ್ಮ ಪಾಲಿನದು.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆ, ಕೈ ಎತ್ತಿದವರಿಗೆ, ಎತ್ತಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿರುವವರಿಗೆ, ಎಲ್ಲರಿಗೂ ನನ್ನ ವಂದನೆ. ನಮಸ್ಕಾರ.