ಹೋಳಿಗೆ ಆಗಲಿ ಅಂತ ಕಾದ ಪಾತ್ರೆ

ಒಂದೂರಲ್ಲಿ ಒಬ್ಬಳು ಶ್ರೀಮಂತೆ ಇದ್ದಳು.

ನೋಡಿ, ಶ್ರೀಮಂತೆ ಅಂದ ಕೂಡಲೇ ಮುಂದಿನ ಸಾಲಿನ ತಾಯಂದಿರು ನೆಟ್ಟಗೆ ಕೂತರು. ಎಷ್ಟು ತೊಲ, ಯಾವ ಡಿಸೈನು ಅಂತ ಕೇಳೋ ಮುಖ. ಬಂಗಾರದ ಮಾತಲ್ಲ ತಾಯಿ. ಈಕೆಯ ಕೊರಳಲ್ಲಿ ಇದ್ದದ್ದು ವಿಶ್ವವಿದ್ಯಾಲಯದ ಗುರುತಿನ ಚೀಟಿ ಒಂದೇ. ಓದೋಕೆ ಅಂತ ಹೊರದೇಶಕ್ಕೆ ಹೋದ ಹುಡುಗಿ, ಗದಗದ ಕಡೆಯವಳು. ಹೆಸರು ಹೇಳೋದಿಲ್ಲ. ಹೇಳಿದರೆ ಅದೇ ಹೆಸರಿನವರೊಬ್ಬರು ಈ ಸಭೆಯಲ್ಲಿ ಇದ್ದೇ ಇರ್ತಾರೆ, ಆಮೇಲೆ ಪ್ರಸಾದದ ಸಾಲಲ್ಲಿ ನನ್ನ ಎಲೆಗೆ ಅನ್ನ ಕಮ್ಮಿ ಬೀಳುತ್ತೆ.

ಇವತ್ತು ನಾವು ಮಾತಾಡ್ತಾ ಇರೋದು ಬಿಗುಮಾನದ ಬಗ್ಗೆ. ಅದಕ್ಕೇ ಈ ಹುಡುಗಿ ಬೇಕು.

ಆಕೆಗೆ ಸ್ಕಾಲರ್‌ಶಿಪ್ ಸಿಕ್ಕಿತು. ಹೆಸರಲ್ಲಿ ಶಿಪ್ ಇದ್ದರೂ ವಿಮಾನದಲ್ಲೇ ಕಳಿಸಿದರು. ಪೋಲೆಂಡ್ ಅಂತ ದೇಶ. ಮಣ್ಣಿನ ವಿಷಯದಲ್ಲಿ ಎಮ್ಮೆಸ್ಸಿ. ನಮ್ಮ ಎರೆಮಣ್ಣಿನ ಹುಡುಗಿ ಮಣ್ಣು ಓದೋಕೆ ಅಷ್ಟು ದೂರ ಹೋದರೆ ಅಲ್ಲಿ ಮಣ್ಣೇ ಕಾಣವಲ್ಲದು, ಮೇಲೆಲ್ಲ ಹಿಮ! ಡಿಗ್ರಿ ತಗೊಂಡು ಬಾ ಅಂತ ಮನೆಯವರು ಕಳಿಸಿದ್ದರು. ಮೊದಲ ಚಳಿಗಾಲದಲ್ಲೇ ಸಿಕ್ಕಿತು, ಮೈನಸ್ ಡಿಗ್ರಿ.

ಹಳೇ ಕಟ್ಟಡ, ಮೂರನೇ ಮಹಡಿ. ಒಂದು ಬಾಗಿಲಲ್ಲಿ ಈಕೆ ಮತ್ತು ಕೀನ್ಯಾ ದೇಶದ ಇನ್ನೊಬ್ಬ ವಿದ್ಯಾರ್ಥಿನಿ. ಎದುರು ಬಾಗಿಲಲ್ಲಿ ಒಬ್ಬಂಟಿ ಅಜ್ಜಿ. ಅಜ್ಜಿಯ ಪರಿಚಯ ಆದದ್ದು ಹೇಗೆ ಅಂತೀರಿ? ಕುಕ್ಕರಿನಿಂದ! ಊರಿಂದ ಹೊತ್ತುಕೊಂಡು ಹೋದ ಕುಕ್ಕರಲ್ಲಿ ಒಂದು ಭಾನುವಾರ ಅನ್ನಕ್ಕಿಟ್ಟಳು. ಕುಕ್ಕರ್ ಕೂಗಿದರೆ ನಮಗೆ ಹಸಿವು. ಅಲ್ಲಿಯವರಿಗೆ? "ಸ್ಸ್ಸ್... ಶ್ಶ್ಶೂಂ!" ಅಂದದ್ದೇ ತಡ, ಬಾಗಿಲು ದಬದಬ. ತೆಗೆದರೆ ಎದುರುಮನೆ ಅಜ್ಜಿ, ಕೈಯಲ್ಲಿ ಒದ್ದೆ ಟವೆಲು, ಬೆಂಕಿ ಆರಿಸೋಕೆ ಬಂದವರ ಹಾಗೆ! ಅಜ್ಜಿಗೆ ಇಂಗ್ಲಿಷ್ ಬಾರದು, ಹುಡುಗಿಗೆ ಅಜ್ಜಿಯ ಭಾಷೆ ಬಾರದು. ಹುಡುಗಿ ಕುಕ್ಕರ್ ತೋರಿಸಿ ಬಾಯಿಗೆ ತುತ್ತಿಡೋ ಹಾಗೆ ಮಾಡಿದಳು. ಅಜ್ಜಿ ಎದೆ ಮೇಲೆ ಕೈ ಇಟ್ಟುಕೊಂಡು "ಉಫ್ಫ್" ಅಂತ ಸ್ಟೂಲಿನ ಮೇಲೆ ಕೂತರು. ಕೂತವರು ಎದ್ದದ್ದು ಅನ್ನ ಸಾರು ಉಂಡ ಮೇಲೆಯೇ.

ಆಮೇಲೆ ಹುಡುಗಿಗೆ ಜ್ವರ ಬಂತು. ಪರದೇಶದಲ್ಲಿ ಜ್ವರ ಬರಬಾರದು ನೋಡಿ, ಮೈಗಿಂತ ಮನಸ್ಸು ಹೆಚ್ಚು ಸುಡುತ್ತೆ. ಅಜ್ಜಿ ಒಂದು ದೊಡ್ಡ ಎನಾಮೆಲ್ ಪಾತ್ರೆ ತುಂಬ ಬಿಸಿ ಸಾರು ತಂದರು, ಕೆಂಪಗೆ. ಹುಡುಗಿಗೆ ಗಾಬರಿ. ನಮ್ಮವಳು ಮಾಂಸ ತಿನ್ನೋಳಲ್ಲ, ಇದನ್ನು ಹೇಗೆ ಕೇಳೋದು? ಹೊದ್ದ ಕಂಬಳಿಯಲ್ಲೇ ಎದ್ದು ಕೂತು ರೆಕ್ಕೆ ಬಡಿದು "ಕೊಕ್ಕೊಕ್ಕೋ?" ಅಂದಳು. ಅಜ್ಜಿ ಇಲ್ಲ ಅಂತ ತಲೆ ಆಡಿಸಿದರು. "ಗುರ್ ಗುರ್?" ಅಂತ ಹಂದಿಯ ದನಿ ತೆಗೆದಳು. ಅಜ್ಜಿ ಬಿದ್ದು ಬಿದ್ದು ನಕ್ಕು ಒಳಗೆ ಹೋಗಿ ಒಂದು ಬೀಟ್‌ರೂಟ್ ತಂದು ತೋರಿಸಿದರು. ಅವತ್ತಿನಿಂದ ಅಜ್ಜಿಯ ಅಡುಗೆಮನೆಯಲ್ಲಿ ಈ ಹುಡುಗಿಗೇ ಅಂತ ಒಂದು ಬೇರೆ ಬಾಣಲೆ. ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ.

ಗುಣ ಆದ ಮೇಲೆ ಹುಡುಗಿ ಪಾತ್ರೆ ತೊಳೆದು ಕೊಡೋಕೆ ಹೊರಟಳು. ಅದೇ ಹೊತ್ತಿಗೆ ವಿಡಿಯೋ ಕಾಲಲ್ಲಿ ಅವ್ವ ಪ್ರತ್ಯಕ್ಷ.

"ಏನ ಅದು ಕೈಯಾಗ? ಖಾಲಿ ಪಾತ್ರಿ ಹಿಡ್ಕೊಂಡು ಮಂದಿ ಮನಿಗೆ ಹೊಂಟಿ? ನಿನ್ನ ಓದಿಸಿದ್ದು ಇದಕ್ಕೇನು? ಏನರ ಹಾಕಿ ಕೊಡು!"

"ಯವ್ವಾ, ಇದು ಪೋಲೆಂಡ್."

"ಪೋಲೆಂಡ್ ಇದ್ರ ಏನಾತು? ಪಾತ್ರಿ ಪಾತ್ರಿನ!"

ನಗ್ತೀರಿ. ನಿಮ್ಮ ಮನೆಯಲ್ಲೂ ಇದೇ ಕಾಯ್ದೆ ತಾನೆ? ಪಕ್ಕದ ಮನೆಯಿಂದ ಬಂದ ಡಬ್ಬಿಯನ್ನು ಖಾಲಿ ಕೊಡೋ ಹಾಗಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಒಳ್ಳೇ ಪದ್ಧತಿ, ನಾನು ಬೇಡ ಅನ್ನೋದಿಲ್ಲ. ಹುಡುಗಿ ಒಗ್ಗರಣೆ ಅವಲಕ್ಕಿ ಹಾಕಿ ಕೊಟ್ಟಳು. ಅಜ್ಜಿ ಬಾಯಿಗೆ ಹಾಕಿಕೊಂಡು "ದೋಬ್ರೆ!" ಅಂದರು. ದೋಬ್ರೆ ಅಂದರೆ ಚೆನ್ನಾಗಿದೆ ಅಂತ. ದೋಸೆ ಕೊಟ್ಟರೂ ದೋಬ್ರೆ. ಮಿರ್ಚಿ ಕೊಟ್ಟ ದಿನ ಮುಖ ಆ ಬೀಟ್‌ರೂಟ್ ಸಾರಿನ ಬಣ್ಣಕ್ಕೆ ತಿರುಗಿತು, ಕಣ್ಣಲ್ಲಿ ನೀರು, ಒಂದು ಲೋಟ ತಣ್ಣನೆ ಹಾಲು ಕುಡಿದು, ಆಮೇಲೆ... "ದೋ... ದೋ... ದೋಬ್ರೆ!" ಮಾರನೇ ದಿನ ಖಾಲಿ ತಟ್ಟೆ ಹಿಡಿದು ಬಂದು ಮತ್ತೆ ಬೇಕು ಅಂತ ಸನ್ನೆ. ನೋಡಿ, ಖಾಲಿ ತಟ್ಟೆ! ಆ ಮುದುಕಿಗೆ ಯಾವ ನಾಚಿಕೆಯೂ ಆಗಲಿಲ್ಲ.

ಪಾತ್ರೆ ಹೋಗೋದು, ಬರೋದು. ಒಮ್ಮೆ ಸೇಬಿನ ಕೇಕು, ಒಮ್ಮೆ ಚಿತ್ರಾನ್ನ. ಕೀನ್ಯಾದ ಹುಡುಗಿ ತಮಾಷೆ ಮಾಡೋಳು, "ಸಿಸ್ಟರ್, ನಿಮ್ಮಿಬ್ಬರ ನಡುವೆ ಗೂಡ್ಸ್ ಗಾಡಿ ಓಡ್ತಾ ಇದೆ. ನಾನು ಮಧ್ಯದ ಸ್ಟೇಷನ್ನು. ಅರ್ಧ ಲೋಡು ಇಲ್ಲೇ ಇಳಿಸಿ!"

ಆ ಹುಡುಗಿ ಇವತ್ತು ಹೇಳ್ತಾಳೆ, ಘಟಿಕೋತ್ಸವದ ದಿನ ಏನು ನಡೆಯಿತು ಅಂತ ಸರಿಯಾಗಿ ನೆನಪಿಲ್ಲವಂತೆ. ನೆನಪಿರೋದು ಹೀಟರ್ ಮೇಲೆ ಒಣಗೋ ಕಾಲುಚೀಲದ ವಾಸನೆ. ಒದ್ದೆ ಬೂಟಿನೊಳಗೆ ಹಳೇ ಪೇಪರ್ ತುರುಕೋದನ್ನು ಅಜ್ಜಿ ಹೇಳಿಕೊಟ್ಟದ್ದು. ಕಿಟಕಿ ಹತ್ತಿರ ಕೂತು, ಕೆಳಗೆ ಟ್ರಾಮಿನಿಂದ ಇಳಿದು ಹಿಮದ ಮೇಲೆ ಜಾರೋರನ್ನು ನೋಡಿ ಇಬ್ಬರೂ ಸೇರಿ ನಗ್ತಾ ಇದ್ದದ್ದು. ಭಾಷೆ ಇಲ್ಲದೆ ಇಬ್ಬರು ಹೆಂಗಸರು ಗಂಟೆಗಟ್ಟಲೆ ಹರಟೋದು ಸಾಧ್ಯವೇ? ಗಂಡಸರೇ, ನಿಮಗೆ ಗೊತ್ತಿರೋದೇ ಬಿಡಿ, ಸಾಧ್ಯ.

ಈಗ ಹೇಳಿ, ಶ್ರೀಮಂತೆ ಹೌದೋ ಅಲ್ಲವೋ? ಹೌದು. ಆದರೆ ಆಗ ಅದು ಅವಳಿಗೆ ಗೊತ್ತಿರಲಿಲ್ಲ.

ಓದಿನ ಕೊನೆಯ ಚಳಿಗಾಲ ಬಂತು. ಅಜ್ಜಿ ಆ ಪಾತ್ರೆ ತುಂಬ ಕಡುಬು ಕಳಿಸಿದರು. ನಮ್ಮ ಕಡುಬಿನ ಹಾಗೇ, ಒಳಗೆ ಆಲೂಗಡ್ಡೆ, ಮೇಲೆ ಹುರಿದ ಈರುಳ್ಳಿ. ಹುಡುಗಿ ಚಪ್ಪರಿಸಿಕೊಂಡು ತಿಂದಳು. ಪಾತ್ರೆ ತೊಳೆದಿಟ್ಟಳು. ಕೈಯಲ್ಲಿ ಪ್ರಬಂಧ, ತಲೆಯಲ್ಲಿ ಪರೀಕ್ಷೆ, ಅಡುಗೆಮನೆಯಲ್ಲಿ ಬ್ರೆಡ್ಡು ಬಿಟ್ಟರೆ ಏನಿಲ್ಲ. ಅವ್ವ ಫೋನಲ್ಲಿ ಹೇಳಿದರು, "ಒಂದು ಹಿಡಿ ಸಕ್ರಿ ಹಾಕಿ ಕೊಟ್ಟು ಬಾರವ್ವಾ. ಸಾಕು."

ಸಕ್ಕರೆಯಾ? ಅಷ್ಟು ಕಡುಬಿಗೆ ಬರೀ ಸಕ್ಕರೆಯಾ? ಹುಡುಗಿಗೆ ಮನಸ್ಸು ಒಪ್ಪಲಿಲ್ಲ. "ಇಲ್ಲವ್ವಾ, ಊರಿಗೆ ಬರೋ ಮುಂಚೆ ಇದು ಕಡೇ ಸಲ. ಹೋಳಿಗಿ ಮಾಡೇ ಕೊಡ್ತೀನಿ. ಬೆಲ್ಲದ್ದು. ನಮ್ಮ ಮನೀ ಹೋಳಿಗಿ ಅಂದ್ರ ಏನು ಅಂತ ಅಜ್ಜಿಗೆ ತಿಳೀಲಿ!"

ಕೇಳಿದಿರಾ ಬಿಗುಮಾನದ ದನಿ? ಎಷ್ಟು ಸಿಹಿಯಾಗಿದೆ! ಬಿಗುಮಾನ ಯಾವಾಗಲೂ ಮೀಸೆ ತಿರುವಿಕೊಂಡು ಬರೋದಿಲ್ಲ. ಒಮ್ಮೊಮ್ಮೆ ಹೋಳಿಗೆ ಹಿಡಿದುಕೊಂಡೂ ಬರುತ್ತೆ.

ಆ ಊರಲ್ಲಿ ಬೆಲ್ಲ ಸಿಗಲಿಲ್ಲ. ಊರಿಂದ ಬರೋ ಒಬ್ಬರ ಕೈಯಲ್ಲಿ ತರಿಸಬೇಕು. ಅವರ ಪ್ರಯಾಣ ಮುಂದಕ್ಕೆ ಹೋಯಿತು. ವಾರಗಳು ಉರುಳಿದವು. ಪಾತ್ರೆ ಕಪಾಟಿನ ಮೇಲೆ ಕೂತಿತ್ತು. ಖಾಲಿ ಪಾತ್ರೆ ಇಟ್ಟುಕೊಂಡು ಅಜ್ಜಿಗೆ ಮುಖ ತೋರಿಸೋದು ಹೇಗೆ? ಹುಡುಗಿ ಮೆಟ್ಟಿಲ ಮೇಲೆ ಬೂಟಿನ ಸದ್ದಾಗದ ಹಾಗೆ ನಡೆಯೋಕೆ ಶುರು ಮಾಡಿದಳು. ಎದುರಿನ ಬಾಗಿಲು ಕಿರ್ ಅಂದರೆ ಸಾಕು, ಒಳಗೆ ಓಡಿ ಚಿಲಕ. ಒಮ್ಮೆ ಸಿಕ್ಕಿಯೇ ಬಿದ್ದಳು. ಅಜ್ಜಿ ಬಾ ಅಂತ ಕೈ ಮಾಡಿದರು. ಹುಡುಗಿ "ಎಕ್ಸಾಮ್, ಎಕ್ಸಾಮ್" ಅಂತ ಪುಸ್ತಕ ತೋರಿಸಿ ಕೆಳಗೆ ಓಡಿದಳು.

ಕೀನ್ಯಾದವಳು ರೇಗಿದಳು. "ಸಿಸ್ಟರ್, ಪಾತ್ರೆ ತಗೋ. ಬಾಗಿಲು ತಟ್ಟು. ಕೊಡು. ನಗು. ಬಾ. ಇದರಲ್ಲಿ ಕಷ್ಟ ಏನಿದೆ?"

"ನಿನಗೆ ಗೊತ್ತಾಗಲ್ಲ. ನಮ್ಮಲ್ಲಿ ಖಾಲಿ ಕೊಟ್ಟರೆ ಅವಮಾನ."

"ಯಾರಿಗೆ ಅವಮಾನ? ಪಾತ್ರೆಗಾ?"

ಇದಕ್ಕೆ ಉತ್ತರ ನೀವು ಕೊಡ್ತೀರಾ?

ಒಂದು ಮಧ್ಯಾಹ್ನ ಹುಡುಗಿ ಮನೆಯಲ್ಲಿ ಒಬ್ಬಳೇ ಇದ್ದಾಗ ಬೆಲ್ ಆಯಿತು. ಬಾಗಿಲಿನ ಸಣ್ಣ ಗಾಜಿನ ಕಿಂಡಿಗೆ ಕಣ್ಣಿಟ್ಟಳು. ಅಜ್ಜಿ. ಹಬ್ಬಕ್ಕೆ ಹಾಕೋ ಒಳ್ಳೇ ಕೋಟು ತೊಟ್ಟಿದ್ದರು. ಕೈ ಖಾಲಿ. ಹುಡುಗಿ ಕಪಾಟಿನ ಕಡೆ ನೋಡಿದಳು. ಬೆಲ್ಲ ನಾಳೆಯೋ ನಾಡಿದ್ದೋ ಬರುತ್ತೆ. ಬರಿಗೈಲಿ ಈಗ ಯಾಕೆ, ಹೋಳಿಗೆ ಸಮೇತ ನಾನೇ ಹೋಗ್ತೀನಲ್ಲ, ಅಂದುಕೊಂಡಳು. ಉಸಿರು ಹಿಡಿದು ನಿಂತಳು. ಮತ್ತೆ ಬೆಲ್. ಅಜ್ಜಿ ಸ್ವಲ್ಪ ಹೊತ್ತು ನಿಂತರು. ಅಂಗೈಯನ್ನು ಬಾಗಿಲ ಮೇಲೆ ಇಟ್ಟರು, ಮಗುವಿನ ಹಣೆ ಮುಟ್ಟಿ ನೋಡೋ ಹಾಗೆ. ಆಮೇಲೆ ನಿಧಾನಕ್ಕೆ ಮೆಟ್ಟಿಲ ಕಂಬಿ ಹಿಡಿದು ಕೆಳಗೆ ಇಳಿದರು.

ನೋಡಿ, ನಡುವೆ ಇದ್ದದ್ದು ಒಂದು ಹಲಗೆ. ಈ ಕಡೆ ಒಬ್ಬಳು, ಆ ಕಡೆ ಒಬ್ಬರು.

ಬೆಲ್ಲ ಬಂತು. ಹುಡುಗಿ ಬೇಳೆ ಬೇಯಿಸಿದಳು, ಹೂರಣ ರುಬ್ಬಿದಳು, ಕೀನ್ಯಾದವಳು ಲಟ್ಟಿಸಿ ಕೊಟ್ಟಳು. ಎಂಥ ಹೋಳಿಗೆ! ಅವ್ವನೇ ಮೆಚ್ಚಬೇಕು ಅಂಥದ್ದು. ಪಾತ್ರೆ ತುಂಬಿಸಿಕೊಂಡು ಎದುರು ಬಾಗಿಲು ತಟ್ಟಿದಳು. ಬಾಗಿಲು ತೆರೆದದ್ದು ಯಾರೋ ನಡುವಯಸ್ಸಿನ ಗಂಡಸು. ಹಿಂದೆ ಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಆತ ಅಜ್ಜಿಯ ಅಳಿಯ, ಇಂಗ್ಲಿಷ್ ಬರ್ತಿತ್ತು.

"ನೀವೇನಾ ಆ ಇಂಡಿಯಾದ ಹುಡುಗಿ? ಅತ್ತೆಗೆ ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ, ನಮ್ಮೂರಿಗೆ ಕರಕೊಂಡು ಹೋದ್ವಿ. ಹೊರಡೋ ದಿನ ನಿಮ್ಮ ಬೆಲ್ ಮಾಡಿದರು. ನೀವು ಮನೇಲಿ ಇರಲಿಲ್ಲ."

ಇದ್ದಳಲ್ಲ, ಬಾಗಿಲ ಹಿಂದೆಯೇ ಇದ್ದಳು.

"ಒಂದು ಮಾತು ಕೇಳಲಾ, ತಪ್ಪು ತಿಳೀಬೇಡಿ," ಅಂದ ಆತ. "ಕಡೇ ಸಲ ಕೊಟ್ಟ ಕಡುಬಲ್ಲಿ ಏನಾದರೂ ಹೆಚ್ಚುಕಮ್ಮಿ ಆಗಿತ್ತಾ? ಅತ್ತೆಗೆ ಅದೇ ಕೊರಗು. ಬಾಣಲೆ ಅದಲುಬದಲಾಗಿ ಹಂದಿ ಕೊಬ್ಬು ಹತ್ತಿರೋದರಲ್ಲಿ ಈರುಳ್ಳಿ ಹುರಿದುಬಿಟ್ಟೆನೋ ಏನೋ, ಆ ಮಗುವಿನ ಬಾಯಿ ಕೆಡಿಸಿದೆ, ಅದಕ್ಕೇ ಅದು ನನ್ನ ಕಡೆ ನೋಡೋದನ್ನೂ ಬಿಟ್ಟಿತು ಅಂತ ಅಳ್ತಾರೆ. ಕ್ಷಮೆ ಕೇಳೋಕೆ ಅಂತಲೇ ಬೆಲ್ ಮಾಡಿದ್ದು. ಸಾರಿ ಅನ್ನೋ ಮಾತನ್ನು ನನ್ನ ಹತ್ತಿರ ಹೇಳಿಸಿಕೊಂಡು ಕಲಿತಿದ್ದರು."

ತಾಯಂದಿರೇ, ಅಣ್ಣಂದಿರೇ, ನಾನು ಎಲ್ಲರ ದನಿಯನ್ನೂ ಅನುಕರಣೆ ಮಾಡ್ತೀನಿ, ನಿಮ್ಮನ್ನು ನಗಿಸ್ತೀನಿ. ಅವತ್ತು ಆ ಹುಡುಗಿ ಮೆಟ್ಟಿಲ ಮೇಲೆ ಕೂತು ತೆಗೆದ ದನಿಯನ್ನು ಮಾತ್ರ ನನ್ನ ಕೈಲಿ ಮಾಡೋಕೆ ಆಗೋದಿಲ್ಲ.

ಅಳಿಯ ಪಾತ್ರೆ ಇಸ್ಕೊಂಡ. ಹೋಳಿಗೆ ನೋಡಿ "ಇದು ಬ್ರೆಡ್ಡಾ?" ಅಂತ ಕೇಳಿದ. ಒಂದು ರಟ್ಟಿನ ಪೆಟ್ಟಿಗೆ ಮೇಲೆ ಇಟ್ಟ. ಅಜ್ಜಿಯ ಫೋನ್ ನಂಬರು ಕೊಟ್ಟ. ಹುಡುಗಿ ಫೋನ್ ಮಾಡಿದಳು. ಆದರೆ ಅಜ್ಜಿಗೆ ಕಿವಿ ಮಂದ, ಅವರ ಹಳೇ ಫೋನಲ್ಲಿ ಕೈಸನ್ನೆ ಕಾಣೋದಿಲ್ಲ, ಮಾತು ದಾಟಿಸೋ ಅಳಿಯ ಆ ಹೊತ್ತಿಗೆ ಮನೆಯಲ್ಲಿಲ್ಲ. ಆ ಕಡೆಯಿಂದ "ಸಾರಿ, ಸಾರಿ" ಅಂತ ಅಜ್ಜಿ. ಈ ಕಡೆಯಿಂದ "ದೋಬ್ರೆ, ದೋಬ್ರೆ" ಅಂತ ಹುಡುಗಿ, ಕಡುಬು ಚೆನ್ನಾಗಿತ್ತು ಅಂತ ಹೇಳೋಕೆ. ಅದು ತಲುಪಿತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಓದು ಮುಗಿದಿತ್ತು, ಊರಿಗೆ ಬಂದಳು. ಮುಂದಿನ ವರ್ಷ ಅಜ್ಜಿ ತೀರಿಕೊಂಡರು ಅಂತ ಅಳಿಯನೇ ತಿಳಿಸಿದ. ತಪ್ಪು ಮಾಡದವರು ಕ್ಷಮೆ ಕೇಳುತ್ತಲೇ ಹೋದರು. ಕೇಳಬೇಕಾದವಳು ಹೋಳಿಗೆಗೆ ಬೆಲ್ಲ ಕಾಯ್ತಾ ಇದ್ದಳು.

ಅಯ್ಯೋ ಪಾಪ ಅನ್ನಬೇಡಿ. ನಿಮ್ಮ ಮಾತಿಗೆ ಬರ್ತೀನಿ.

ಗೆಳೆಯನ ತಂದೆ ತೀರಿಕೊಂಡಾಗ ಹೋಗೋಕೆ ಆಗಲಿಲ್ಲ. ಈಗ ಆತ ಬಜಾರಲ್ಲಿ ಕಂಡರೆ ಪಕ್ಕದ ಓಣಿಗೆ ತಿರುಗ್ತೀರಿ, ಹೌದೋ ಅಲ್ಲವೋ? ತಂಗಿಯ ಫೋನಿಗೆ "ಆಮೇಲೆ ಆರಾಮಾಗಿ ಮಾತಾಡೋಣ" ಅಂದಿರಿ, ಆ ಆರಾಮು ಇನ್ನೂ ಹುಟ್ಟಿಲ್ಲ. ಮೈದುನನ ಮನೆ ಗೃಹಪ್ರವೇಶ ತಪ್ಪಿತು, ಒಯ್ಯೋಕೆ ಒಳ್ಳೇ ಉಡುಗೊರೆ ಸಿಗಲಿ ಅಂತ ಅತ್ತ ಕಾಲಿಟ್ಟಿಲ್ಲ. ನಿಮ್ಮ ಲೆಕ್ಕದಲ್ಲಿ ಇದು ಮರ್ಯಾದೆ. ಆ ಕಡೆ ಕೂತವರು ಏನಂದುಕೊಳ್ತಾ ಇದ್ದಾರೆ? ನನ್ನಿಂದ ಏನು ತಪ್ಪಾಯಿತೋ ಅಂತ ತಮ್ಮ ಬಾಣಲೆಯನ್ನೇ ತಿರುಗಿಸಿ ಮುರುಗಿಸಿ ನೋಡ್ತಾ ಇದ್ದಾರೆ!

"ಯಾವ ಮುಖ ಇಟ್ಕೊಂಡು ಹೋಗಲಿ ಸ್ವಾಮಿ?" ಅಂತೀರಿ. ದೇವರು ಕೊಟ್ಟಿರೋದು ಒಂದೇ ಮುಖ, ಅದನ್ನೇ ಇಟ್ಕೊಂಡು ಹೋಗಿ. ಕೈಯಲ್ಲಿ ಏನಾದರೂ ಇದ್ದರೆ ಒಯ್ಯಿರಿ, ಇಲ್ಲದಿದ್ದರೆ ಕೈ ಬೀಸಿಕೊಂಡು ಹೋಗಿ. ಬಾಗಿಲು ತೆಗೆದವರಿಗೆ ದೊಡ್ಡ ಭಾಷಣ ಬೇಡ, ನೆಪ ಬೇಡ. "ಬರೋದು ತಡ ಆಯ್ತು, ತಪ್ಪು ನಂದೇ" ಅಂತ ಅಷ್ಟೇ ಹೇಳಿ, ಕುಡಿಯೋಕೆ ನೀರು ಕೇಳಿ. ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ, ಮನೆ ಹೇಗೇ ಇರಲಿ, ತೆಗೆಯಿರಿ.

ನಾಳೆ ಅಲ್ಲ. ಈಗ ನಾನು ಮಾತು ನಿಲ್ಲಿಸಿದ ಕೂಡಲೇ ನಿಮ್ಮ ಕಣ್ಣ ಮುಂದೆ ಒಂದು ಮುಖ ಬರುತ್ತೆ. ಬಂತಲ್ಲ? ಅವರ ಮನೆಗೆ. ಇಲ್ಲಿ ಪ್ರಸಾದ ನೀವು ಬರೋವರೆಗೂ ಕಾಯುತ್ತೆ. ಅವರು ಕಾಯ್ತಾರೋ ಇಲ್ಲವೋ, ನಾನು ಹೇಳಲಾರೆ. ಏಳಿ.