ರದ್ದಾದ ಪಟ್ಟಿಯಲ್ಲಿ ನನ್ನ ಹೆಸರು

ಸಭೆಯ ಅಧ್ಯಕ್ಷತೆ ವಹಿಸಿರುವ ಹಿರಿಯ ವ್ಯಾಪಾರಸ್ಥರಾದ ಗುರುಸಂಗಪ್ಪನವರೇ, ಒಲ್ಲೆ ಒಲ್ಲೆ ಎನ್ನುತ್ತಲೇ ಸನ್ಮಾನಕ್ಕೆ ಬಂದು ಕೂತಿರುವ ವಿಧಾನ ಪರಿಷತ್ತಿನ ಮಾಜಿ ಸದಸ್ಯರಾದ ಅರ್ಜುನಪ್ಪನವರೇ, ರೋಣದಿಂದ, ನರಗುಂದದಿಂದ ಬಸ್ಸು ಹಿಡಿದು ಬಂದಿರುವ ಹಿರಿಯರೇ, ತಾಯಂದಿರೇ, ಮಗ್ಗ ನಿಲ್ಲಿಸಿ, ಅಂಗಡಿಯ ಬಾಗಿಲು ಅರ್ಧ ಎಳೆದು ಬಂದಿರುವ ನಮ್ಮ ಗಜೇಂದ್ರಗಡದ ಸಭಿಕರೇ,

ನಿರೂಪಕರು ನನ್ನನ್ನು ಕರೆಯುವಾಗ ‘ತ್ಯಾಗಮಯಿ ಶ್ರೀಮತಿ ದೇವಿಕಾ’ ಎಂದರು. ಆಮಂತ್ರಣ ಪತ್ರಿಕೆಯಲ್ಲಿಯೂ ಹಾಗೇ ಅಚ್ಚಾಗಿದೆ. ಪ್ರೀತಿಯಿಂದ ಹಾಕಿದ್ದಾರೆ, ಗೊತ್ತು. ಆದರೂ ಮೊದಲಿಗೆ ಅದನ್ನೇ ತಿದ್ದಿಬಿಡುತ್ತೇನೆ. ತ್ಯಾಗ ಎಂದರೇನು? ತನ್ನದನ್ನು ತಾನಾಗಿ ಬಿಡುವುದು. ನಾನು ನೌಕರಿ ಬಿಟ್ಟವಳಲ್ಲ. ನನ್ನ ನೌಕರಿ ಹೋಯಿತು. ಹೋಗುತ್ತದೆ ಎಂದು ಗೊತ್ತಿದ್ದೂ ಮಾತಾಡಿದೆ, ಖರೆ. ಆದರೆ ಹೋಗಲಿ ಎಂದು ಮಾತಾಡಲಿಲ್ಲ. ಅಧ್ಯಕ್ಷರು ಐದು ನಿಮಿಷ ಕೊಟ್ಟಿದ್ದಾರೆ. ತಾವು ಮಾತ್ರ ಅರ್ಧ ತಾಸು ತೆಗೆದುಕೊಂಡರು. ಹೀಗಾಗಿ ನನ್ನದೂ ಸ್ವಲ್ಪ ಆಚೀಚೆ ಆದರೆ ನಡೆಸಿಕೊಳ್ಳುತ್ತಾರೆ ಎಂದುಕೊಂಡಿದ್ದೇನೆ.

ನನಗಿಂತ ಮೊದಲು ಮಾತಾಡಿದವರು ಅರ್ಜುನಪ್ಪನವರ ಸಮಿತಿಯ ಬಗ್ಗೆ ಬಹಳ ದೊಡ್ಡ ಮಾತುಗಳನ್ನಾಡಿದರು. ಸಮಿತಿ ಎಂದರೇನು ಎಂದು ಯಾರೂ ಹೇಳಲಿಲ್ಲ. ಸರಕಾರ ಮಾಡಿದ ಖರ್ಚು, ಕೊಟ್ಟ ಗುತ್ತಿಗೆ, ಮಾಡಿದ ನೇಮಕ, ಇವನ್ನೆಲ್ಲ ಸದನದ ಪರವಾಗಿ ಕೂತು, ಅಧಿಕಾರಿಗಳನ್ನು ಎದುರಿಗೆ ಕೂಡಿಸಿಕೊಂಡು, ಯಾಕೆ, ಹೇಗೆ ಎಂದು ಕೇಳುವ ಶಾಸಕರ ಗುಂಪು ಅದು. ಆಳುವ ಪಕ್ಷದವರೂ ಇರುತ್ತಾರೆ, ವಿರೋಧ ಪಕ್ಷದವರೂ ಇರುತ್ತಾರೆ. ಇದೆಲ್ಲ ನನಗೆ ತಿಳಿದದ್ದು ಅವರ ಎದುರಿಗೆ ಕೂತ ಮೇಲೆಯೇ. ಅದಕ್ಕಿಂತ ಮುಂಚೆ ಶಾಸಕರು ಬೆಂಗಳೂರಿನಲ್ಲಿ ಬರೇ ಗದ್ದಲ ಮಾಡುತ್ತಾರೆ ಎಂದೇ ತಿಳಿದಿದ್ದೆ. ಕ್ಷಮಿಸಬೇಕು ಸರ್.

ನನ್ನ ತವರು ಹೊಳೆಆಲೂರು. ಮದುವೆಯಾಗಿ ಈ ಊರಿನ ನೇಕಾರರ ಮನೆಗೆ ಬಂದೆ. ನಮ್ಮ ಮನೆಯವರು ಕಲ್ಲೇಶ, ಅತ್ತೆ ಮಾಯವ್ವ, ಇಬ್ಬರೂ ಮಗ್ಗದ ಮೇಲೆ ಕೂಡುವವರು. ನಾನು ಬಿ.ಎ. ಓದಿದ್ದೆ. ಓದಿದ್ದು ಸುಮ್ಮನೆ ಯಾಕೆ ಕೊಳೆಯಬೇಕು ಎಂದು ಸರಕಾರಿ ನಿಗಮವೊಂದರ ನೌಕರಿಯ ಪರೀಕ್ಷೆ ಕಟ್ಟಿಸಿದವರು ನಮ್ಮ ಮನೆಯವರೇ. ಬಸ್ ಸ್ಟ್ಯಾಂಡಿನ ಹಿಂದೆ ಮುನೀರಾಳ ಮನೆ. ಅವಳಪ್ಪ ಮೆಹಬೂಬಸುಭಾನಿ ಕಾಕಾನ ಹಣ್ಣಿನ ಅಂಗಡಿ ನಿಮಗೆಲ್ಲ ಗೊತ್ತು. ನಾನು, ಮುನೀರಾ ಇಬ್ಬರೂ ಆ ಮನೆಯ ಅಟ್ಟದ ಮೇಲೆ ಕೂತು ಓದಿದೆವು. ಬಸ್ಸಿನ ಹಾರ್ನು ಕೇಳಿದರೆ ಸಾಕು, ಇವತ್ತಿಗೂ ನನಗೆ ಯಾವುದೋ ಒಂದು ಇಸವಿ ನೆನಪಾಗುತ್ತದೆ.

ಪರೀಕ್ಷೆಗೆ ಗದಗಿನವರೆಗೂ ನಮ್ಮ ಮನೆಯವರು ಗಾಡಿಯ ಮೇಲೆ ಕರೆದುಕೊಂಡು ಹೋದರು. ಗೇಟಿನ ಹೊರಗೆ ಬಿಸಿಲಲ್ಲಿ ನಿಂತೇ ಇದ್ದರು. ಒಳಗೆ ನನ್ನ ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗ. ಹೆಸರು ಬೇಡ. ನೋಂದಣಿ ಸಂಖ್ಯೆ ತುಂಬಿದ, ಸಹಿ ಮಾಡಿದ, ಎಡಗೈ ಮೇಲೆ ತಲೆ ಇಟ್ಟು ಮಲಗಿಬಿಟ್ಟ. ಅವನ ಉತ್ತರದ ಹಾಳೆ ಬೆಂಚಿನ ಅಂಚಿನಿಂದ ನನ್ನ ಕಡೆಗೆ ಜೋತು ಬಿದ್ದಿತ್ತು. ಒಂದು ಗೋಲವನ್ನೂ ಕಪ್ಪು ಮಾಡಿರಲಿಲ್ಲ. ಪಾಪ, ಓದಿಲ್ಲವೇನೋ ಎಂದು ನನಗೇ ಹಳಹಳಿ ಆಯಿತು. ಕೊನೆಗೆ ಅವನ ಬೆನ್ನಿಗೆ ಪೆನ್ನಿನಿಂದ ಮುಟ್ಟಿ, “ತಮ್ಮಾ, ಟೈಮ್ ಮುಗ್ಯಾಕ ಬಂತು, ಏಳು” ಅಂದೆ.

ಅವನು ತಿರುಗಿ ನಕ್ಕ. “ನೀವು ಬರೀರಿ ಅಕ್ಕಾ, ನಂದು ಆಗೇತಿ” ಅಂದ.

ನನಗೆ ನೌಕರಿ ಬಂತು. ಮುನೀರಾಗೆ ಬರಲಿಲ್ಲ. ತರಬೇತಿಯ ಮೊದಲನೆಯ ದಿನ ನೋಡಿದರೆ, ಆ ಹುಡುಗ ಪಟ್ಟಿಯಲ್ಲಿ ನನಗಿಂತ ಬಹಳ ಮೇಲಿದ್ದ. ಆಗ ತಿಳಿಯಿತು ‘ನಂದು ಆಗೇತಿ’ ಅಂದರೆ ಏನು ಅಂತ. ಆ ಖಾಲಿ ಹಾಳೆಯನ್ನು ಆಮೇಲೆ ಬೇರೆ ಯಾರೋ ತುಂಬಿದ್ದರು. ನಮ್ಮ ನಿಗಮದ ಮ್ಯಾನೇಜರರ ಮುಂದೆ ಹೋಗಿ ಕಂಡದ್ದನ್ನು ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, “ನಿಮಗ ನೌಕರಿ ಬಂದೈತಿಲ್ಲೋ? ಮತ್ಯಾಕ ಬ್ಯಾರೆಯವರ ಪೇಪರ್ ನೋಡ್ತೀರಿ?” ಅಂದರು. ಆಮೇಲೆ ಯಾರೂ ಕೇಳಲಿಲ್ಲ. ಯಾರನ್ನು ಕೇಳುವುದು ಎಂದು ನನಗೂ ತಿಳಿಯಲಿಲ್ಲ.

ಆ ನೌಕರಿ ಎಂಥಾದ್ದು ಎಂದು ಹೇಳಲೇ? ರೋಣದ ಕಚೇರಿಯಲ್ಲಿ ಕಿಟಕಿಯ ಪಕ್ಕದ ಮೇಜು. ಬೆಳಿಗ್ಗೆ ನಮ್ಮ ಮನೆಯವರು ಬಸ್ಸಿಗೆ ಬಿಡಲು ಬರುತ್ತಿದ್ದರು. ಕಂಡಕ್ಟರಿಗೆ ಪ್ರತಿ ದಿನ, “ಮೇಡಂ ಅವರಿಗೆ ಸೀಟ್ ಕೊಡ್ರಿ, ಆಫೀಸಿಗೆ ಹೊಂಟಾರ” ಅನ್ನುತ್ತಿದ್ದರು. ನನಗೆ ನಾಚಿಕೆ ಆಗುತ್ತಿತ್ತು. ಬೇಡ ಅನ್ನುತ್ತಿದ್ದೆ. ಅವರು ಬಿಡಲಿಲ್ಲ. ಆಮೇಲೆ ಎಷ್ಟೋ ವರ್ಷ ಆ ಮಾತು ಯಾರಾದರೂ ಇನ್ನೊಮ್ಮೆ ಅನ್ನಲಿ ಎಂದು… ಇರಲಿ. ಸಮಿತಿಯ ವಿಷಯಕ್ಕೆ ಬರುತ್ತೇನೆ.

ಮುನೀರಾ ಸುಮ್ಮನೆ ಕೂಡಲಿಲ್ಲ. ತನ್ನ ಉತ್ತರದ ಹಾಳೆಯ ನಕಲು ತರಿಸಿಕೊಂಡಳು. ಅಂಕ ಕೂಡಿಸಿ ನೋಡಿ, ತನಗೆ ನೌಕರಿ ತಪ್ಪಿದ್ದು ಹೇಗೆ ಎಂದು ಸದನದ ಸಮಿತಿಗೆ ಅರ್ಜಿ ಬರೆದಳು. ಸಮಿತಿ ಆ ಪರೀಕ್ಷೆಯ ಬಗ್ಗೆ ವಿಚಾರಣೆ ಮಾಡಲು ಗದಗಿಗೆ ಬರುತ್ತದೆ, ಆ ದಿನ ಪರೀಕ್ಷೆ ಬರೆದವರು ಯಾರು ಬೇಕಾದರೂ ಬಂದು ಹೇಳಬಹುದು ಎಂದು ಪೇಪರಿನಲ್ಲಿ ಬಂತು. ಅವತ್ತು ಸಂಜೆ ಮುನೀರಾ ನಮ್ಮ ಮನೆಗೆ ಬಂದಳು. ನಾನು ಕಂಡದ್ದನ್ನೆಲ್ಲ ಅವಳಿಗೆ ಯಾವಾಗಲೋ ಹೇಳಿದ್ದೆ.

“ಬಾ ಅನ್ನಾಕ ಬಂದಿಲ್ಲ ದೇವಿಕಾ. ಬಾ ಅಂದ್ರ ನಿನ್ನ ಅನ್ನ ಕೇಳಿದಂಗ. ಬರಬ್ಯಾಡ ಅಂತ ಹೇಳಾಕ ಬಂದೀನಿ” ಅಂದಳು. ಹೇಳಿದವಳೇ ಅತ್ತಳು.

ನಮ್ಮ ಮನೆಯವರು ಹೋಗಬೇಡ ಎಂದು ನೇರವಾಗಿ ಹೇಳಿದರು. ಇಡೀ ಪಟ್ಟಿ ರದ್ದಾದರೆ ನಿನ್ನದೂ ರದ್ದಾಗುತ್ತದೆ ಎಂದು ಕಚೇರಿಯಲ್ಲಿ ಆಗಲೇ ಎಲ್ಲರೂ ಅನ್ನುತ್ತಿದ್ದರು. ಅತ್ತೆ ಮಗ್ಗದಿಂದ ಇಳಿದು ಬಂದು, “ನೋಡಿದ್ದು ನಿನ್ನ ಕಣ್ಣು. ನಿನ್ನ ಪಗಾರದಾಗ ಉಣ್ಣಾಕ ಹತ್ತಿದ್ದು ಎಲ್ಲಾರೂ. ಇಷ್ಟು ನೆನಪಿಟ್ಟು, ಹೋಗೂದಿದ್ರ ಹೋಗು” ಅಂದರು. ಅದು ಹೋಗು ಎಂದದ್ದೋ, ಬೇಡ ಎಂದದ್ದೋ, ಅವರನ್ನೇ ಕೇಳಬೇಕು. ಮುಂದಿನ ಸಾಲಿನಲ್ಲಿಯೇ ಕೂತಿದ್ದಾರೆ.

ನಾನು ಹೋದೆ.

ಉದ್ದನೆಯ ಮೇಜು. ಒಂದು ಕಡೆಗೆ ಶಾಸಕರು, ಇನ್ನೊಂದು ಕಡೆಗೆ ನಿಗಮದ ಅಧಿಕಾರಿಗಳು. ನಡುವೆ ಅರ್ಜುನಪ್ಪನವರು. ಆಗ ಸರಕಾರ ಯಾರದಿತ್ತು? ಅವರ ಪಕ್ಷದ್ದೇ. ಆ ಹುಡುಗನ ಕಾಕಾ ಯಾರು? ಅವರ ಪಕ್ಷದವರೇ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಾನು ಕಂಡದ್ದನ್ನು ಹೇಳಿದೆ. ಒಬ್ಬ ಅಧಿಕಾರಿ, ಹಿಂದೆ ಕೂತವರಿಗೆ ಮುಂದಿನವರ ಹಾಳೆ ಹೇಗೆ ಕಾಣುತ್ತದೆ ಎಂದು ಕೇಳಿದರು. ಅರ್ಜುನಪ್ಪನವರು ಎದ್ದು ಎರಡು ಕುರ್ಚಿಗಳನ್ನು ಹಿಂದೆ ಮುಂದೆ ಇಡಿಸಿದರು. ಅದೇ ಅಧಿಕಾರಿಯನ್ನು ಮುಂದಿನ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂಡಿಸಿ, ಕೈಗೆ ಒಂದು ಹಾಳೆ ಕೊಟ್ಟು, ನನ್ನನ್ನು ಹಿಂದೆ ಕೂಡಿಸಿದರು. “ಈಗ ಕಾಣ್ತೈತೇನ್ರಿ?” ಅಂದರು. ಆ ಹಾಳೆಯ ಮೇಲೆ ಬರೆದಿದ್ದನ್ನು ನಾನು ಅಲ್ಲಿಂದಲೇ ಓದಿ ಹೇಳಿದೆ.

ಆಮೇಲೆ ಅವರು ಬಹಳ ಮೆಲ್ಲಗೆ ಕೇಳಿದರು. “ತಂಗೀ, ಇದು ಖರೇ ಅಂತ ಆದ್ರ, ಇಡೀ ಪಟ್ಟಿ ರದ್ದು ಮಾಡ್ರಿ ಅಂತ ನಾವು ಬರೀಬೇಕಾಗ್ತೈತಿ. ಅದರಾಗ ನಿಮ್ಮ ಹೆಸರೂ ಐತಿ. ಗೊತ್ತೈತೇನು?”

“ಗೊತ್ತೈತ್ರಿ.”

“ಆದ್ರೂ ಹೇಳ್ತೀರೇನು?”

“ಹೇಳಿ ಆತಲ್ರಿ” ಅಂದೆ. ಎಲ್ಲರೂ ನಕ್ಕರು. ಅರ್ಜುನಪ್ಪನವರು ನಗಲಿಲ್ಲ.

ನಾನು ಅಲ್ಲಿಂದ ಏಳುವ ಮುಂಚೆ ಇನ್ನೊಂದು ಮಾತು ಕೇಳಿದೆ. ಇದನ್ನು ಇಂದಿನವರೆಗೂ ಯಾವ ಸಭೆಯಲ್ಲೂ ಯಾರೂ ಹೇಳಿಲ್ಲ. “ನನ್ನ ಹೆಸರು ಬ್ಯಾರೆ ತಗದು ಇಡಾಕ ಬರ್ತೈತೇನ್ರಿ ಸರ್?” ಎಂದು ಕೇಳಿದೆ. ಅವರು ಆಗಲಿ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. “ಯತ್ನ ಮಾಡ್ತೀವಿ” ಅಂದರು.

ಪಟ್ಟಿ ರದ್ದಾಯಿತು. ಉತ್ತರದ ಹಾಳೆಗಳ ಕಟ್ಟುಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ್ದರಿಂದ ಯಾರದು ಖರೆ, ಯಾರದು ಸುಳ್ಳು ಎಂದು ಬಿಡಿಸಲು ಆಗಲಿಲ್ಲವಂತೆ. ಮೋಸ ಮಾಡದವರಿಗೆ ಮತ್ತೆ ಪರೀಕ್ಷೆ ಬರೆಯಲು ವಯಸ್ಸಿನಲ್ಲಿ ರಿಯಾಯಿತಿ ಕೊಡಬೇಕು ಎಂದು ಸಮಿತಿ ತನ್ನ ವರದಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸರಕಾರ ವರದಿಯ ಮೊದಲಿನ ಮಾತನ್ನು ಒಪ್ಪಿತು. ಎರಡನೆಯದನ್ನು ‘ಪರಿಶೀಲನೆಯಲ್ಲಿದೆ’ ಎಂದಿತು. ಪರಿಶೀಲನೆ ಮುಗಿಯುವುದರೊಳಗೆ ಮರುಪರೀಕ್ಷೆ ಬಂತು. ನನ್ನ ವಯಸ್ಸು ಮೀರಿತ್ತು. ಮುನೀರಾ ಬರೆದಳು, ಪಾಸಾದಳು, ರೋಣದ ಅದೇ ಕಚೇರಿಗೆ ಬಂದಳು. ಪೇಢೆ ತಂದು ನಮ್ಮ ಹೊಸ್ತಿಲ ಹೊರಗೇ ನಿಂತಳು. “ಒಳಗ ಬಾ” ಅಂದರೆ, “ಯಾವ ಮುಖ ಇಟ್ಕೊಂಡು ಬರಲಿ?” ಅಂದಳು. ನಾನೇ ಕೈ ಹಿಡಿದು ಒಳಗೆ ಎಳೆದೆ. ಆ ಪೇಢೆಯನ್ನು ಖುಷಿಯಿಂದ ತಿಂದೆ ಎಂದರೆ ಸುಳ್ಳಾಗುತ್ತದೆ. ಆದರೆ ತಿಂದೆ.

ಮರುಪರೀಕ್ಷೆಗಿಂತ ಮುಂಚೆ ಒಂದು ಮಧ್ಯಾಹ್ನ ಅರ್ಜುನಪ್ಪನವರು ನಮ್ಮ ಮನೆಗೆ ಬಂದಿದ್ದರು. ಹಿಂದೆ ಮುಂದೆ ಯಾರೂ ಇಲ್ಲ, ಒಬ್ಬರೇ. ಮಗ್ಗದ ಪಕ್ಕದಲ್ಲಿ ಚಾಪೆಯ ಮೇಲೆ ಕೂತರು. ಅತ್ತೆ ಚಹಾ ಕೊಟ್ಟರು. ನಮ್ಮ ಮನೆಯವರು ಎದುರಿಗೆ ಕೂತು ಕೇಳಿಯೇಬಿಟ್ಟರು.

“ಆ ಹುಡುಗ ಅವನ ಕಾಕಾನ ಮಿಲ್ಲಿನ್ಯಾಗ ಮ್ಯಾನೇಜರ್ ಆಗ್ಯಾನ. ನನ್ನ ಹೆಂಡ್ತಿ ಮನ್ಯಾಗ ಕುಂತಾಳ. ನಿಮ್ಮ ನ್ಯಾಯ ನಮ್ಮ ಮನೀಗಷ್ಟ ಬಂತೇನ್ರಿ? ಯಾರಿಗಾದ್ರೂ ಒಂದು ಮಾತು ಹೇಳ್ರಿ. ಸಾಲಿನೋ, ದವಾಖಾನಿನೋ, ಎಲ್ಲ್ಯಾರ ಒಂದು ಕೆಲಸ ಕೊಡಸ್ರಿ.”

ಅರ್ಜುನಪ್ಪನವರು ತಲೆ ಎತ್ತಲಿಲ್ಲ. “ನಾ ಒಂದು ಚೀಟಿ ಬರದ್ರ ಇವ್ರಿಗೆ ನಾಳೆ ಕೆಲಸ ಸಿಗ್ತೈತಿ ಕಲ್ಲೇಶ. ಆದ್ರ ಇವ್ರು ಅಲ್ಲಿ ಬಂದು ಹೇಳಿದ್ದು ಅಂಥಾ ಚೀಟಿ ವಿರುದ್ಧನ ಅಲ್ಲೇನು?” ಅಂದರು.

ಸಭಿಕರೇ, ಈ ಮಾತಿಗೆ ನೀವು ಚಪ್ಪಾಳೆ ತಟ್ಟುತ್ತೀರಿ. ತಟ್ಟಬೇಕು. ಆದರೆ ಆಗ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ನಿಂತು, ಬರೀರಿ ಸರ್, ಬರೀರಿ, ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಅವರು ಬರೆಯಲಿಲ್ಲ. ಅತ್ತೆ, “ಚಾ ಕುಡೀರಿ, ಆರಾಕ ಹತ್ತೇತಿ” ಅಂದರು. ಅವರು ಕುಡಿದು, ಕೈ ಮುಗಿದು ಹೋದರು. ಅವತ್ತಿನಿಂದ ನಮ್ಮ ಮನೆಯವರು ನನ್ನ ಜೊತೆಗೆ ಸರಿಯಾಗಿ ಮಾತಾಡುವುದನ್ನೇ ಬಿಟ್ಟರು. ಊಟಕ್ಕೆ ಕರೆದರೆ ಹೂಂ, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನೂ ಮಗ್ಗಕ್ಕೆ ಕೂಡಲು ಕಲಿತೆ. ಮಗ್ಗದ ಸಪ್ಪಳದಲ್ಲಿ ಮಾತಿಲ್ಲದ ಮನೆ ಅಷ್ಟೊಂದು ಎದ್ದು ಕಾಣುವುದಿಲ್ಲ.

ಅರ್ಜುನಪ್ಪನವರಿಗೆ ಏನಾಯಿತು? ಮುಂದಿನ ಸಲ ಪಕ್ಷ ಅವರಿಗೆ ಟಿಕೆಟ್ ಕೊಡಲೇ ಇಲ್ಲ. ಇದನ್ನು ಇಲ್ಲಿಯವರೆಗೆ ಮಾತಾಡಿದವರು ‘ಸ್ವಇಚ್ಛೆಯಿಂದ ನಿವೃತ್ತರಾದರು’ ಎಂದು ಹೇಳಿದರು. ಅವರೂ ಬಿಟ್ಟವರಲ್ಲ, ಅವರದೂ ಹೋಯಿತು. ಆದರೆ ಅವರು ಮನೆಯಲ್ಲಿ ಕೂಡಲಿಲ್ಲ. ತಮ್ಮ ನಂತರ ಬಂದ ಸಮಿತಿಗಳಿಗೆ, ಪಕ್ಷ ಯಾವುದೇ ಇರಲಿ, ಹೋಗಿ ಕೇಳಿದರು: ವರದಿಯ ಎರಡನೆಯ ಮಾತು ಏನಾಯಿತು? ದೇವಿಕಾ ಒಬ್ಬಳಿಗಾಗಿ ಕೇಳಲಿಲ್ಲ. ಪಟ್ಟಿಯಲ್ಲಿದ್ದ ಮೋಸ ಮಾಡದವರೆಲ್ಲರಿಗಾಗಿ ಕೇಳಿದರು. ಒಳಗೆ ಬಿಡದ ಕಡೆ ಹೊರಗೆ ಬೆಂಚಿನ ಮೇಲೆ ಕೂತರಂತೆ. ಇದನ್ನು ಅವರು ಯಾರಿಗೂ ಹೇಳಲಿಲ್ಲ. ನಿಗಮದ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಮುನೀರಾ ಕಣ್ಣಾರೆ ನೋಡಿ ಬಂದು ನನಗೆ ಹೇಳಿದಳು.

ಕಳೆದ ತಿಂಗಳು ಆದೇಶ ಬಂತು. ಪಟ್ಟಿ ರದ್ದಾದ ಮೇಲೆ ನಡೆದ ಪೊಲೀಸರ ತನಿಖೆಯಲ್ಲಿ ತಪ್ಪು ಸಿಗದವರು ವಯಸ್ಸು ಮೀರಿದ್ದರೂ ಇನ್ನೊಂದು ಸಲ, ಒಂದೇ ಒಂದು ಸಲ, ಪರೀಕ್ಷೆ ಬರೆಯಬಹುದು. ನಾನು ಆ ಸುದ್ದಿ ಕೇಳಿ ಸುಮ್ಮನೆ ಲಾಳಿ ಎಸೆಯುತ್ತಾ ಕೂತಿದ್ದೆ. ನಮ್ಮ ಮನೆಯವರು ಬಂದು ಮಗ್ಗದ ಮುಂದೆ ನಿಂತರು. “ನಡಿ, ಅರ್ಜಿ ಹಾಕಿ ಬರೂಣು” ಅಂದರು. ನಾನು, “ಈ ವಯಸ್ಸಿನ್ಯಾಗ ನನಗ ಆಗೂದಿಲ್ಲ” ಅಂದೆ. ಅವರು, “ಗೇಟಿನ ಹೊರಗ ನಿಂದ್ರಾಕ ನನಗ ಆಗ್ತೈತಿ. ಒಳಗ ಕುಂಡ್ರಾಕ ನಿನಗ ಯಾಕ ಆಗೂದಿಲ್ಲ?” ಅಂದರು. ಇಷ್ಟು ವರ್ಷದಲ್ಲಿ ಅವರು ನನ್ನ ಮುಂದೆ ಆಡಿದ ಅತ್ಯಂತ ಉದ್ದನೆಯ ಮಾತು ಅದು. ಅರ್ಜಿ ಹಾಕಿ ಬಂದೆವು.

ಅರ್ಜುನಪ್ಪ ಸರ್, ಅವತ್ತು ಬಾಗಿಲ ಹಿಂದೆ ನಿಂತು ನಾನು ಏನೂ ಹೇಳಲಿಲ್ಲ. ಇವತ್ತು ಹೇಳುತ್ತೇನೆ. ನೀವು ಮಾಡಿದ್ದು ಸರಿ. ನನಗೆ ಆದದ್ದು ಸರಿಯಲ್ಲ. ಇವೆರಡನ್ನೂ ಒಂದು ಮಾಡಲು ನನಗೆ ಇನ್ನೂ ಬಂದಿಲ್ಲ. ನಿಮಗೂ ಬಂದಿಲ್ಲ ಎಂದು ಆ ಬೆಂಚಿನ ಸುದ್ದಿ ಕೇಳಿದಾಗ ಗೊತ್ತಾಯಿತು. ಅದಕ್ಕಾಗಿಯೇ ಇವತ್ತು ಈ ವೇದಿಕೆಗೆ ಬಂದೆ, ಇಲ್ಲದಿದ್ದರೆ ಬರುತ್ತಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಊಟಕ್ಕೆ ನಿಲ್ಲಲು ಹೇಳಿದಿರಿ, ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಪರೀಕ್ಷೆ ಹತ್ತಿರ ಬಂದಿದೆ, ಗಣಿತವೆಲ್ಲ ಮರೆತು ಹೋಗಿದೆ. ಮುನೀರಾ ಸಂಜೆ ಹೇಳಿಕೊಡಲು ಬರುತ್ತಾಳೆ. ಸಂವಿಧಾನದ ಪಾಠದಲ್ಲಿ ಸದನದ ಸಮಿತಿಗಳ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ, ಅದನ್ನೂ ಓದಿಕೋ ಎಂದಿದ್ದಾಳೆ. ಅದೊಂದು ಪಾಠಕ್ಕೆ ಮಾತ್ರ ನಾನು ಪುಸ್ತಕ ತೆಗೆಯುವುದಿಲ್ಲ ಎಂದು ಅವಳಿಗೆ ಹೇಳಿದ್ದೇನೆ.

ಇಷ್ಟು ಹೊತ್ತು ಕೇಳಿದ್ದಕ್ಕೆ, ನಡುವೆ ಎದ್ದು ಹೋಗದೆ ಕೂತದ್ದಕ್ಕೆ, ನಿಮಗೆಲ್ಲ ಧನ್ಯವಾದ. ನಮಸ್ಕಾರ.